ಒಂಬತ್ತನೇ ಕ್ಲಾಸಿನ ಹುಡುಗಿಗೆ ಯಾವ ಕಾದಂಬರಿ ತರಿಸಲಿ? ಓದಿದವರು ಹೇಳಿದ್ದು

ಕೇಳಿದವರು, ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ

ನಮಸ್ಕಾರ. ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಇಂಗ್ಲಿಷ್ ಮೀಡಿಯಂ ಓದುತ್ತಿದ್ದಾಳೆ, ಒಂಬತ್ತನೇ ಕ್ಲಾಸು. ದಸರಾ ರಜೆಗೆ ನಮ್ಮ ಮನೆಗೆ ಬರುತ್ತಾಳೆ. ನಮ್ಮಲ್ಲಿ ಮಳೆ ಹೊಡೆದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪುಸ್ತಕ ಬೇಕೇ ಬೇಕು ಅಂತ ಅವಳೇ ಪಟ್ಟಿ ಕಳಿಸಿದ್ದಾಳೆ. ಎಲ್ಲ ರೀಲ್ಸ್‌ನಲ್ಲಿ ನೋಡಿದ ಹೆಸರುಗಳು: ಫೋರ್ತ್ ವಿಂಗ್, ಸನ್‌ರೈಸ್ ಆನ್ ದ ರೀಪಿಂಗ್, ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್, ಹಾರ್ಟ್‌ಸ್ಟಾಪರ್. ಒಂದರ ಹೆಸರಲ್ಲೇ ಕೊಲೆ ಇದೆ ನೋಡಿ! ನಾನು ಕನ್ನಡ ಕಾದಂಬರಿ ಓದಿ ಬೆಳೆದವಳು. ಈ 'ಯಂಗ್ ಅಡಲ್ಟ್', ಅಂದರೆ ಹದಿಹರೆಯದವರ ಪುಸ್ತಕಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಯಾವುದು ತರಿಸಲಿ, ಯಾವುದು ಬೇಡ? ಸುಮ್ನೆ ಹೊಗಳಬೇಡಿ, ಓದಿದವರು ಇದ್ದ ಹಾಗೆ ಹೇಳಿ. ಕನ್ನಡದ್ದೂ ಒಂದೆರಡು ಇದ್ದರೆ ತಿಳಿಸಿ.

ಸಾಗರದಿಂದ

ಅಕ್ಕ, ಮೊದಲು ಫೋರ್ತ್ ವಿಂಗ್ ಪಟ್ಟಿಯಿಂದ ತೆಗೆದುಬಿಡಿ. ಪುಸ್ತಕ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಕ್ಕಳದ್ದಲ್ಲ, ಅಷ್ಟೇ. ರೆಬೆಕಾ ಯಾರೋಸ್ ಬರೆದಿದ್ದು, 2023ರಲ್ಲಿ ಬಂತು. ನಾಯಕಿಗೆ 20 ವರ್ಷ. ಡ್ರ್ಯಾಗನ್ ಸವಾರಿ ಕಲಿಸುವ ಯುದ್ಧದ ಕಾಲೇಜಿಗೆ ಸೇರುತ್ತಾಳೆ. ಡ್ರ್ಯಾಗನ್ ಅಂದ ಕೂಡಲೇ ನಾವು ಹ್ಯಾರಿ ಪಾಟರ್ ಥರ ಇರಬೇಕು ಅಂದುಕೊಳ್ಳುತ್ತೇವೆ ಅಲ್ವಾ? ಮುಂದೆ ಹೋದ ಹಾಗೆ ಮಂಚದ ದೃಶ್ಯಗಳು ಮುಚ್ಚುಮರೆ ಇಲ್ಲದೆ ಬರುತ್ತವೆ. ಸಾರಾ ಜೆ. ಮಾಸ್ ಅವರ ಎ ಕೋರ್ಟ್ ಆಫ್ ಥಾರ್ನ್ಸ್ ಆಂಡ್ ರೋಸಸ್ ಕೂಡ ಹೀಗೇ. 2015ರಲ್ಲಿ ಬಂದಾಗ ಹದಿಹರೆಯದವರ ಕಪಾಟಿನಲ್ಲಿತ್ತು. ಆಮೇಲೆ ಪ್ರಕಾಶಕರೇ ಹೊಸ ಮುಖಪುಟ ಹಾಕಿ ದೊಡ್ಡವರ ಕಪಾಟಿಗೆ ದಾಟಿಸಿದರು. ಅವಳು ಆ ಹೆಸರನ್ನೂ ಹೇಳುವುದು ಗ್ಯಾರಂಟಿ, ತಿಳಿದಿರಲಿ.

ಇನ್ನು ಒಟ್ಟಾರೆ ನನ್ನ ಅಭಿಪ್ರಾಯ. ನನ್ನ ಮಕ್ಕಳು ತರಿಸುವುದನ್ನೆಲ್ಲ ನಾನೂ ಓದುತ್ತೇನೆ. ಅಡಿಕೆ ಸುಲಿಯುವ ಕಾಲದಲ್ಲಿ ಕೈ ಬಿಡುವಿರುವುದಿಲ್ಲ, ಆಗ ಆಡಿಯೋ ಹಾಕಿಕೊಂಡು ಕೇಳುತ್ತೇನೆ. ಈಚಿನ ಫ್ಯಾಂಟಸಿಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು. ಹುಡುಗಿಯೇ ಕಥೆ ಹೇಳುತ್ತಾಳೆ. ಅವಳಲ್ಲಿ ದೊಡ್ಡ ಶಕ್ತಿ ಇದೆ. ಅದು ಓದುವವರಿಗೆ ಮೂರನೇ ಪುಟದಲ್ಲೇ ಗೊತ್ತಾಗುತ್ತೆ, ಅವಳಿಗೆ ಮಾತ್ರ ಕೊನೆಗೆ. ಸಿಡುಕು ಮೋರೆಯ ಒಬ್ಬ ರಾಜಕುಮಾರ ಇರಲೇಬೇಕು. ದೊಡ್ಡ ಅರಮನೆ ಇರುತ್ತೆ. ಅಲ್ಲಿ ಅಡುಗೆ ಯಾರು ಮಾಡುತ್ತಾರೆ, ಅಕ್ಕಿ ಬೇಳೆ ಎಲ್ಲಿಂದ ಬರುತ್ತೆ, ಯಾರಿಗೂ ಗೊತ್ತಿಲ್ಲ. ನನಗೆ ಪ್ರೇಮದ ಬಗ್ಗೆ ತಕರಾರಿಲ್ಲ, ಕೊಲೆಯ ಬಗ್ಗೆಯೂ ಇಲ್ಲ. ಕಥೆಗೆ ಒಂದು ಊರು ಇರಬೇಕು. ಆ ಊರಿನವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಅಂತ ಕಾಣಬೇಕು. ಅದು ಕಂಡರೆ ಹುಡುಗಿ ತೋರಿಸುವ ಧೈರ್ಯಕ್ಕೂ ಒಂದು ತೂಕ ಬರುತ್ತೆ.

ಅದಕ್ಕೇ ಸುಝಾನ್ ಕಾಲಿನ್ಸ್ ಅವರ ದ ಹಂಗರ್ ಗೇಮ್ಸ್ ಮೊದಲ ಪುಸ್ತಕ ಇವತ್ತಿಗೂ ನನಗೆ ಇಷ್ಟ. 2008ರದ್ದು, ಹಳೆಯದಾಯಿತು ಅನ್ನಬೇಡಿ. ಹನ್ನೆರಡು ಸೀಮೆಗಳು. ಪ್ರತಿ ಸೀಮೆಯಿಂದ ಪ್ರತಿ ವರ್ಷ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಅವರು ಟಿವಿ ಕ್ಯಾಮೆರಾ ಮುಂದೆ ಒಬ್ಬರನ್ನೊಬ್ಬರು ಕೊಲ್ಲಬೇಕು. ಕೇಳಿದರೆ ಎದೆ ಝಲ್ಲೆನ್ನುತ್ತೆ, ನಿಜ. ಆದರೆ ಚೀಟಿಯ ಲೆಕ್ಕ ನೋಡಿ. ಮನೆಯಲ್ಲಿ ಊಟಕ್ಕೆ ಇಲ್ಲದವರು ತಮ್ಮ ಹೆಸರಿನ ಚೀಟಿ ಇನ್ನೊಂದು ಹಾಕಿಸಬಹುದು. ಒಂದು ಚೀಟಿಗೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಕಾಳು, ಎಣ್ಣೆ. ಅದೂ ಅರೆಹೊಟ್ಟೆಗೆ ಸಾಲುವಷ್ಟು. ಹಾಕಿದ ಚೀಟಿಗಳು ಮುಂದಿನ ವರ್ಷಕ್ಕೂ ಸೇರುತ್ತಾ ಹೋಗುತ್ತವೆ. ಹದಿನಾರು ವರ್ಷದ ಕ್ಯಾಟ್ನಿಸ್ ಹೆಸರು 20 ಸಲ ಇದೆ. ಅವಳ ಜೊತೆ ಬೇಟೆಗೆ ಹೋಗುವ ಗೇಲ್ ಹೆಸರು 42 ಸಲ. ಅವಳ ತಂಗಿಯದು ಒಂದೇ ಚೀಟಿ. ಎತ್ತಿದಾಗ ಬರುವುದು ಆ ಒಂದೇ ಚೀಟಿ! ಬಡವರ ಮಕ್ಕಳೇ ಜಾಸ್ತಿ ಸಾಯುವ ಹಾಗೆ ನಿಯಮ ಹೇಗೆ ಮಾಡುತ್ತಾರೆ ಅನ್ನುವುದನ್ನು ಇಷ್ಟು ಸಲೀಸಾಗಿ ಹೇಳಿದ ಇನ್ನೊಂದು ಪುಸ್ತಕ ನಾನು ಓದಿಲ್ಲ. ಕ್ಯಾಟ್ನಿಸ್ ಅನ್ನುವುದೇ ನೀರಲ್ಲಿ ಬೆಳೆಯುವ ಒಂದು ಗಿಡದ ಹೆಸರು, ಅದರ ಗೆಡ್ಡೆ ತಿನ್ನುತ್ತಾರೆ. ಕಾಡಿಗೆ ಹೋಗಿ ಕಳಲೆ, ಅಣಬೆ ತಂದು ಗೊತ್ತಿರುವ ನಮ್ಮ ಕಡೆ ಮಕ್ಕಳಿಗೆ ಆ ಭಾಗ ಬೇಗ ಹಿಡಿಸುತ್ತೆ.

ನಿಮ್ಮ ಪಟ್ಟಿಯಲ್ಲಿರುವ ಸನ್‌ರೈಸ್ ಆನ್ ದ ರೀಪಿಂಗ್ 2025ರದ್ದು. ಮೊದಲ ಪುಸ್ತಕಕ್ಕಿಂತ 24 ವರ್ಷ ಹಿಂದಿನ ಕಥೆ, ಕ್ಯಾಟ್ನಿಸ್‌ಗೆ ಆಟಕ್ಕೆ ತರಬೇತಿ ಕೊಡುವ ಹೇಮಿಚ್ ಹುಡುಗನಾಗಿದ್ದಾಗಿನದು. ಆ ವರ್ಷ ಮಾಮೂಲಿಗಿಂತ ಎರಡರಷ್ಟು, ಅಂದರೆ 48 ಮಕ್ಕಳು. ಇದ್ದ ಹಾಗೆ ಹೇಳುವುದಾದರೆ, ಹಳೆಯ ಪಾತ್ರಗಳನ್ನು ಒಬ್ಬೊಬ್ಬರಾಗಿ ಕರೆತಂದು ತೋರಿಸುವುದು ಅತಿಯಾಯಿತು. ಮದುವೆ ಮನೆಯಲ್ಲಿ ನೆಂಟರ ಪರಿಚಯ ಮಾಡಿಸಿದ ಹಾಗಿದೆ. ಆದರೆ ಒಂದು ಕಡೆ ಅದು ಗಟ್ಟಿ. ನಡೆದದ್ದು ಒಂದು, ಸರ್ಕಾರ ಕತ್ತರಿಸಿ ಜೋಡಿಸಿ ಜನರಿಗೆ ತೋರಿಸಿದ್ದು ಇನ್ನೊಂದು. ದಿನವಿಡೀ ರೀಲ್ಸ್ ನೋಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಪುಸ್ತಕ ಓದದೆ ಇದನ್ನು ಕೊಟ್ಟರೆ ಮಾತ್ರ ದುಡ್ಡು ದಂಡ.

ಶಿವಮೊಗ್ಗದಿಂದ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು

ಕೊಲೆಯ ಪುಸ್ತಕಕ್ಕೆ ಹೆದರಬೇಡಿ ಮೇಡಂ. ಹಾಲಿ ಜಾಕ್ಸನ್ ಅವರ ಆ ಕಾದಂಬರಿ 2019ರದ್ದು. ಪಠ್ಯಪುಸ್ತಕ ಬಿಟ್ಟು ಬೇರೆ ಏನನ್ನೂ ಮುಟ್ಟದ ಹುಡುಗರೂ ಅದನ್ನು ಮುಗಿಸಿದ್ದನ್ನು ನಾನು ನೋಡಿದ್ದೇನೆ. ಐದು ವರ್ಷದ ಹಿಂದೆ ಒಂದು ಸಣ್ಣ ಊರಲ್ಲಿ ಆಂಡಿ ಬೆಲ್ ಅನ್ನುವ ಹುಡುಗಿ ಕಾಣೆಯಾಗಿದ್ದಾಳೆ. ಅವಳ ಗೆಳೆಯ ಸಾಲ್ ಸಿಂಗ್ ಹೆಣ ಕಾಡಲ್ಲಿ ಸಿಕ್ಕಿದೆ. ಅವನೇ ಕೊಂದ ಅಂತ ಊರೂ ಪೊಲೀಸರೂ ತೀರ್ಮಾನ ಮಾಡಿ ಮುಗಿಸಿದ್ದಾರೆ. ಪಿಪ್ ಅನ್ನುವ ಹುಡುಗಿ ಶಾಲೆಯ ಪ್ರಾಜೆಕ್ಟ್ ಅಂತ ಹೇಳಿ ಅದನ್ನು ಮತ್ತೆ ಕೆದಕುತ್ತಾಳೆ. ಸಾಲ್ ತಮ್ಮ ರವಿ ಅವಳ ಜೊತೆ ಸೇರುತ್ತಾನೆ. ನಮ್ಮ ಹೆಸರಿನ ಹುಡುಗನ ಮೇಲೆ ಆ ಊರು ಎಷ್ಟು ಬೇಗ ಗೂಬೆ ಕೂರಿಸಿತು ಅನ್ನುವುದೂ ಕಥೆಯಲ್ಲಿದೆ. ಲೇಖಕಿ ಭಾಷಣ ಮಾಡಿಲ್ಲ, ಅದೇ ಒಳ್ಳೆಯದು.

ಪುಟ ತುಂಬ ಬರೀ ಗದ್ಯ ಇಲ್ಲ. ಮಧ್ಯೆ ಮಧ್ಯೆ ಸಂದರ್ಶನದ ಪ್ರತಿ, ನಕ್ಷೆ, ಅನುಮಾನ ಇರುವವರ ಪಟ್ಟಿ, ಪಿಪ್ ಬರೆದಿಟ್ಟ ಟಿಪ್ಪಣಿ. ನಿಧಾನ ಓದುವವರಿಗೆ ಉಸಿರು ಬಿಡಲು ಜಾಗ ಸಿಗುತ್ತೆ. ಮಾದಕ ವಸ್ತು, ಹುಡುಗಿಯರ ಮೇಲಿನ ದೌರ್ಜನ್ಯ ಇವೆಲ್ಲ ಬರುತ್ತವೆ. ಒಂಬತ್ತನೇ ಕ್ಲಾಸಿಗೆ ತೀರಾ ಜಾಸ್ತಿ ಅಂತ ನನಗೆ ಅನ್ನಿಸಿಲ್ಲ. ಪಿಪ್ ಮನೆಯ ನಾಯಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ. ನಿಮ್ಮ ಹುಡುಗಿಗೆ ನಾಯಿ ಅಂದರೆ ಪ್ರಾಣ ಆಗಿದ್ದರೆ ಮೊದಲೇ ಒಂದು ಮಾತು ಹೇಳಿ. ಮೂರನೆಯ ಪುಸ್ತಕ ಆಸ್ ಗುಡ್ ಆಸ್ ಡೆಡ್ ಬಹಳ ಕತ್ತಲೆಯ ದಾರಿ ಹಿಡಿಯುತ್ತೆ. ಅದನ್ನು ಪಿಯುಸಿಗೆ ಇಟ್ಟುಕೊಳ್ಳಿ.

ಸಾಗರದವರು ಹೇಳಿದ 'ಊರು ಇರಬೇಕು' ಅನ್ನುವ ಮಾತು ಪೂರ್ತಿ ಒಪ್ಪುವುದು ಕಷ್ಟ. ಜಾನ್ ಗ್ರೀನ್ ಅವರ ಟರ್ಟಲ್ಸ್ ಆಲ್ ದ ವೇ ಡೌನ್ (2017) ತೆಗೆದುಕೊಳ್ಳಿ. ಅದರ ಕಥೆ ನಡೆಯುವುದೆಲ್ಲ ಒಂದು ಹುಡುಗಿಯ ತಲೆಯೊಳಗೆ. ಏಝಾಗೆ ಗೀಳು ರೋಗ. ಬೆರಳ ತುದಿಗೆ ಉಗುರು ಒತ್ತಿ ಗಾಯ ಮಾಡಿಕೊಳ್ಳುತ್ತಾಳೆ. ಸೋಂಕಾಯಿತೇನೋ ಅಂತ ಪಟ್ಟಿ ಬಿಚ್ಚುತ್ತಾಳೆ, ತೊಳೆಯುತ್ತಾಳೆ, ಹೊಸ ಪಟ್ಟಿ ಹಾಕುತ್ತಾಳೆ. ಮತ್ತೆ ಅನುಮಾನ, ಮತ್ತೆ ಬಿಚ್ಚುತ್ತಾಳೆ. ಓದುತ್ತಾ ಓದುತ್ತಾ ನಮ್ಮ ಬೆರಳನ್ನೇ ನೋಡಿಕೊಳ್ಳುತ್ತೇವೆ. ಲೇಖಕರಿಗೆ ಸ್ವತಃ ಆ ಕಾಯಿಲೆ ಇದೆ, ಅವರೇ ಹೇಳಿಕೊಂಡಿದ್ದಾರೆ. ಕಾಣೆಯಾದ ಕೋಟ್ಯಧಿಪತಿಯ ಕಥೆಯೊಂದನ್ನು ಜೊತೆಗೆ ಹೊಲಿದಿದ್ದಾರೆ. ಅದು ಪೇಲವ, ಬಿಟ್ಟರೂ ನಷ್ಟವಿಲ್ಲ.

ಹೊಸನಗರದಿಂದ, ಡಿಗ್ರಿ ಓದುತ್ತಿರುವವಳು

ಅಕ್ಕ, ನಾನೇ ಇಲ್ಲಿ ಅವಳ ವಯಸ್ಸಿಗೆ ಹತ್ತಿರ ಇರುವವಳು ಅನ್ನಿಸುತ್ತೆ. ಒಂದು ಮಾತು. ಪುಸ್ತಕ ಮೊದಲು ನೀವು ಓದಿ, ಬೇಡ ಅನ್ನಲ್ಲ. ಅವಳ ಎದುರಿಗೆ ಪುಟ ತಿರುಗಿಸಿ ತಪಾಸಣೆ ಮಾಡಬೇಡಿ. ನಮ್ಮ ಮನೆಯಲ್ಲಿ ಹಾಗೆ ಮಾಡಿದರು. ಆಮೇಲೆ ನಾನು ಏನು ಓದುತ್ತೇನೆ ಅಂತ ಹೇಳುವುದನ್ನೇ ಬಿಟ್ಟೆ.

ಹಾರ್ಟ್‌ಸ್ಟಾಪರ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಆಲಿಸ್ ಓಸ್‌ಮನ್ ಬರೆದು ಬಿಡಿಸಿದ ಚಿತ್ರಕಥೆ. ಚಾರ್ಲಿ, ನಿಕ್ ಅಂತ ಇಬ್ಬರು ಹುಡುಗರು ಒಂದೇ ಶಾಲೆಯಲ್ಲಿ ಓದುತ್ತಾರೆ, ಪ್ರೀತಿಸುತ್ತಾರೆ. ನಿಮ್ಮ ಮನೆಯಲ್ಲಿ ಇದಕ್ಕೆ ಗಲಾಟೆ ಆಗುತ್ತೋ ಇಲ್ಲವೋ ನಿಮಗೇ ಗೊತ್ತು. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ಪುಸ್ತಕ ಇದೇ. ಕೈ ಹಿಡಿಯಲು ಅರ್ಧ ಪುಸ್ತಕ ಯೋಚನೆ ಮಾಡುತ್ತಾರೆ! ಚಾರ್ಲಿಗೆ ಊಟ ಸೇರದ ಕಾಯಿಲೆ ಜೋರಾಗುವುದು ನಾಲ್ಕನೇ ಭಾಗದಲ್ಲಿ. ಅದು ಗಂಭೀರವಾಗಿದೆ. ಚೆನ್ನಾಗಿಯೂ ಇದೆ. ಎರಡು ಗಂಟೆಯಲ್ಲಿ ಓದಿ ಮುಗಿಯುತ್ತೆ, ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತೆ. ಯಾರಿಂದಾದರೂ ಕಡ ತರಿಸಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದ ಒಂದು ಸೇರಿಸಿ. ಆಂಜಿ ಥಾಮಸ್ ಅವರ ದ ಹೇಟ್ ಯು ಗಿವ್, 2017. ಅಮೆರಿಕದ ಕಪ್ಪು ಜನರ ಕೇರಿಯ ಹುಡುಗಿ ಸ್ಟಾರ್. ಅವಳ ಕಣ್ಣೆದುರೇ ಗೆಳೆಯ ಖಲೀಲ್‌ನನ್ನು ಪೊಲೀಸ್ ಗುಂಡಿಟ್ಟು ಕೊಲ್ಲುತ್ತಾನೆ. ಸಾಕ್ಷಿ ಅವಳೊಬ್ಬಳೇ. ಅವಳು ಓದುವುದು ಬಿಳಿಯರೇ ಜಾಸ್ತಿ ಇರುವ ಖಾಸಗಿ ಶಾಲೆಯಲ್ಲಿ. ಮನೆಯಲ್ಲಿ ಮಾತಾಡುವ ಧಾಟಿ ಬೇರೆ, ಶಾಲೆಯಲ್ಲಿ ಬೇರೆ. ಶಾಲೆಯಲ್ಲಿ ಸಿಟ್ಟು ಬಂದರೂ ತೋರಿಸಲ್ಲ, ಕೇರಿಯ ಹುಡುಗಿ ಅಂದುಬಿಡುತ್ತಾರೆ ಅಂತ. ನಾನು ಇಲ್ಲಿಂದ ಶಿವಮೊಗ್ಗದ ಹಾಸ್ಟೆಲ್‌ಗೆ ಹೋದಾಗ ನನ್ನ ಮಾತಿನ ಧಾಟಿ ಕೇಳಿ ನಗುತ್ತಿದ್ದರು. ಸ್ಟಾರ್ ಕಷ್ಟದ ಮುಂದೆ ಅದು ಏನೂ ಅಲ್ಲ. ಆದರೂ ಆ ಪುಟಗಳು ನನಗೆ ತಟ್ಟಿದವು. ಬೈಗುಳ ಇದೆ, ಗಲಭೆ ಇದೆ. ಅವಳ ಅಪ್ಪ ಮಾವರಿಕ್ ಥರದ ಅಪ್ಪ ಕಾದಂಬರಿಗಳಲ್ಲಿ ಅಪರೂಪ. ಬೇರೆ ಕಡೆ ಅಪ್ಪ ಅಮ್ಮ ಮೊದಲ ಅಧ್ಯಾಯದಲ್ಲೇ ಸತ್ತಿರುತ್ತಾರೆ.

ಕೊಪ್ಪದಿಂದ

ಎಲ್ಲ ಇಂಗ್ಲೆಂಡು ಅಮೆರಿಕ ಆಯ್ತಲ್ಲ ಮಾರಾಯ್ರೆ! ನಮ್ಮ ದೇಶದವರೂ ಬರೆಯುತ್ತಾರೆ. ಸಿದ್ಧಾರ್ಥ ಶರ್ಮ ಅವರ ಇಯರ್ ಆಫ್ ದ ವೀಡ್ಸ್ ತರಿಸಿ, 2018ರದ್ದು. ಒಡಿಶಾದ ಒಂದು ಹಳ್ಳಿ. ಕೊರೊಕ್ ಅನ್ನುವ ಗೊಂಡ ಹುಡುಗ ತೋಟದ ಕೆಲಸ ಮಾಡುತ್ತಾನೆ. ಆ ತೋಟ ಇರುವ ಮನೆಯಲ್ಲಿ ಸರ್ಕಾರಿ ಅಧಿಕಾರಿಯ ಮಗಳು ಆಂಚಿತಾ. ಬಾಕ್ಸೈಟ್ ಅದಿರಿಗಾಗಿ ಗುಡ್ಡ ಅಗೆಯಲು ಕಂಪನಿ ಬರುತ್ತೆ. ಅದನ್ನು ಓದುವಾಗ ಒಡಿಶಾದ್ದೇ ನಿಯಮಗಿರಿ ಬೆಟ್ಟ ನೆನಪಾಗದೆ ಇರಲ್ಲ. ಅಲ್ಲಿ 2013ರಲ್ಲಿ 12 ಗ್ರಾಮಸಭೆಗಳೂ ಗಣಿ ಬೇಡ ಅಂದವು. ನಮಗಂತೂ ಕುದುರೆಮುಖವೇ ನೆನಪಾಗುತ್ತೆ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು. ಆಗ ಹುಟ್ಟಿರದ ನನ್ನ ಮಗ ಈ ಪುಸ್ತಕ ಓದಿ, ಆ ಗಲಾಟೆ ಏನು ಅಂತ ಅವನಾಗಿಯೇ ಕೇಳಿದ. ಇಂಗ್ಲಿಷ್ ಸುಲಭ, ಪುಸ್ತಕವೂ ತೆಳ್ಳಗಿದೆ. ಕಳೆ ಕೀಳುವುದು, ಗಿಡ ನೋಡಿಕೊಳ್ಳುವುದು ಇದೆಲ್ಲ ಗೊತ್ತಿದ್ದವರೇ ಬರೆದ ಹಾಗಿದೆ. ಪ್ರೇಮ ಗೀಮ ಇಲ್ಲ. ಅದು ಬೇಕು ಅನ್ನುವ ಹುಡುಗಿಗೆ ಬೇಜಾರಾಗಬಹುದು.

ಸಾಗರದಿಂದ, ಮತ್ತೆ

ಮೇಷ್ಟ್ರೇ, ಏಝಾಗೆ ಆ ತಲೆಯೇ ಊರು. ಅಲ್ಲಿಯ ಓಣಿ ಓಣಿಯೂ ಲೇಖಕರಿಗೆ ಗೊತ್ತು. ಹಾಗಾಗಿ ನಾನು ಸೋತಿಲ್ಲ.

ಕನ್ನಡದ್ದು ಕೇಳಿದ್ದರಲ್ಲ ಅಕ್ಕ. ಹದಿನಾಲ್ಕರ ವಯಸ್ಸಿಗೇ ಅಂತ ಬರೆದದ್ದು ನಮ್ಮಲ್ಲಿ ಬಹಳ ಕಡಿಮೆ. ಪುಟ್ಟ ಮಕ್ಕಳ ಪದ್ಯ ಮುಗಿದ ಕೂಡಲೇ ಸೀದಾ ದೊಡ್ಡವರ ಕಾದಂಬರಿ. ಈ ದೂರು ನನಗೆ ಬಹಳ ವರ್ಷದಿಂದ ಇದೆ. ಇರುವುದರಲ್ಲಿ ನಮ್ಮ ಊರಿನವರೇ ಆದ ನಾ. ಡಿಸೋಜ ಅವರದ್ದು ಮೊದಲು ಹೇಳುತ್ತೇನೆ. ಪುಸ್ತಕದ ಹೆಸರು 'ಮುಳುಗಡೆಯ ಊರಿಗೆ ಬಂದವರು'. ಮಕ್ಕಳಿಗಾಗಿ ಬರೆದ ಕಾದಂಬರಿ, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಗದ್ದೆ ಕಳೆದುಕೊಂಡವರ ಕಥೆಯನ್ನು ಜೀವಮಾನವಿಡೀ ಬರೆದವರು. ನಿಮ್ಮ ಹುಡುಗಿ ಸಿಗಂದೂರಿಗೆ ಹೋಗಿದ್ದರೆ ಆ ನೀರು ನೋಡಿರುತ್ತಾಳೆ. ಆ ನೀರಿನ ಕೆಳಗೆ ಊರುಗಳಿವೆ ಅನ್ನುವುದು ಶಾಲೆಯ ಪುಸ್ತಕದಲ್ಲಿ ಇರಲ್ಲ.

ಇನ್ನೊಂದು ತೇಜಸ್ವಿಯವರ ಕರ್ವಾಲೊ. 1980ರದ್ದು, ಹದಿಹರೆಯದವರಿಗೆ ಅಂತ ಬರೆದದ್ದಲ್ಲ. ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾಗಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತೆ. ಮಂದಣ್ಣ ಇದ್ದಾನೆ, ಬಿರಿಯಾನಿ ಕರಿಯಪ್ಪ ಇದ್ದಾನೆ, ಕಿವಿ ಅನ್ನುವ ನಾಯಿ ಇದೆ. ಎಲ್ಲರಿಗೂ ಒಂದೊಂದು ಕೆಲಸ, ಒಂದೊಂದು ಹುಚ್ಚು. ಕನ್ನಡ ನಿಧಾನಕ್ಕೆ ಓದುವವರಾದರೆ ಮೊದಲ ಎರಡು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ ಹೇಳಿ. ಕರೆಂಟ್ ಹೋದಾಗ ಓದಿದರೆ ಇನ್ನೂ ಒಳ್ಳೆಯದು. ಮೂರನೆಯದಕ್ಕೆ ಅವಳೇ ಕಿತ್ತುಕೊಳ್ಳುತ್ತಾಳೆ.

ಕೇಳಿದವರು, ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ದ ಹಂಗರ್ ಗೇಮ್ಸ್ ಮೊದಲನೆಯದು, ಪಿಪ್ ಪುಸ್ತಕ, ಇಯರ್ ಆಫ್ ದ ವೀಡ್ಸ್, ಇವು ಮೂರು ತರಿಸುತ್ತೇನೆ. ಕರ್ವಾಲೊ ಮನೆಯಲ್ಲೇ ಇದೆ. ಹಾರ್ಟ್‌ಸ್ಟಾಪರ್ ಅವಳ ಗೆಳತಿಯ ಹತ್ತಿರ ಇದೆಯಂತೆ, ತಗೊಂಡು ಬಾ ಅಂದಿದ್ದೇನೆ. ಭಾವನಿಗೆ ಹೇಳಿಲ್ಲ. ಫೋರ್ತ್ ವಿಂಗ್ ಬೇಡ ಅಂದಾಗ ಯಾಕೆ ಅಂತ ಕೇಳಿದಳು. 'ಅದು ದೊಡ್ಡವರದ್ದು' ಅಂದೆ. 'ಹಾಗಾದ್ರೆ ನೀನು ಓದು ಚಿಕ್ಕಿ, ನನಗೆ ಡ್ರ್ಯಾಗನ್ ಭಾಗ ಮಾತ್ರ ಹೇಳು' ಅಂದಳು. ಅದಕ್ಕೆ ಕೇಳುತ್ತಿದ್ದೇನೆ, ತೀರ್ಥಹಳ್ಳಿ ಕಡೆ ಯಾರ ಹತ್ತಿರವಾದರೂ ಆ ಪುಸ್ತಕ ಇದ್ದರೆ ಹೇಳಿ, ಓದಿ ವಾಪಸ್ ಕೊಡುತ್ತೇನೆ.