ಪದಚರ್ಚೆ: ಹೊಲಿಗೆಯ ‘ಡ್ರೆಸ್ ಫಾರ್ಮ್’ಗೆ ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಆರು ಜನ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತೇನೆ. ತಮ್ಮ ಮೈಯಳತೆಗೆ ಸರಿಯಾದ ಡ್ರೆಸ್ ಫಾರ್ಮನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಅಂತ ಅವರಿಗೊಂದು ಟಿಪ್ಪಣಿ ಬರೆಯುತ್ತಿದ್ದೆ. ‘ಮೊದಲು ಡ್ರೆಸ್ ಫಾರ್ಮ್ ತಯಾರಿಸಿಕೊಳ್ಳಿ’ ಎಂಬ ಸಾಲು ಓದಿ ಒಬ್ಬರು, ‘ತುಂಬಿ ಎಲ್ಲಿಗೆ ಕೊಡಬೇಕು ಮೇಡಂ?’ ಅಂದರು. ಅವರ ತಪ್ಪೇನಿಲ್ಲ. ನಮ್ಮಲ್ಲಿ ಫಾರಂ ಅಂದರೆ ರೇಷನ್ ಕಾರ್ಡಿನದೋ ಬ್ಯಾಂಕಿನದೋ ಆಗಿರಬೇಕು, ಇಲ್ಲವೇ ಕೋಳಿ ಫಾರಂ. ಆವತ್ತಿನಿಂದ ಇದಕ್ಕೊಂದು ಕನ್ನಡ ಹೆಸರು ಹುಡುಕುತ್ತಿದ್ದೇನೆ.

ನೋಡಿಲ್ಲದವರಿಗೆ: ತಲೆ, ಕೈ, ಕಾಲು ಇಲ್ಲದ, ಕತ್ತಿನಿಂದ ಸೊಂಟದ ಕೆಳಗಿನವರೆಗಿನ ಮೈಯ ಆಕಾರ ಅದು. ಕೆಳಗೊಂದು ಕೋಲು. ಹೊಲಿಯುವ ಬಟ್ಟೆ ಮೈಗೆ ಕೂರುತ್ತದೆಯೇ ಅಂತ ನೋಡುವಾಗ ನಮ್ಮ ಬೆನ್ನಿಗೆ ನಾವೇ ಗುಂಡುಸೂಜಿ ಚುಚ್ಚಿಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೆ ಬೇಕು.

ನನ್ನದನ್ನು ನಾದಿನಿ ಮಾಡಿಕೊಟ್ಟಳು. ಬಿಸಾಡುವಂಥ ಹಳೇ ಟೀ ಶರ್ಟನ್ನು ಮೈಗಂಟುವ ಹಾಗೆ ತೊಟ್ಟು ನಿಂತೆ. ಅದರ ಮೇಲೆ ಡಕ್ಟ್ ಟೇಪನ್ನು (ಅಗಲವಾದ, ಗಟ್ಟಿ ಅಂಟುಪಟ್ಟಿ) ಗೇಣುದ್ದದ ತುಂಡು ಮಾಡಿ, ಒಂದರ ಮೇಲೊಂದು ಅರ್ಧ ಏರುವಂತೆ ಓರೆಯಾಗಿ ಅಂಟಿಸುತ್ತ ಹೋಗಬೇಕು. ಸುರುಳಿಯಿಂದಲೇ ಎಳೆದು ಬಿಗಿಯಾಗಿ ಸುತ್ತಿದರೆ ಎದೆ ಚಪ್ಪಟೆಯಾಗಿ ಅಳತೆಯೇ ಕೆಡುತ್ತದೆ. ಎರಡು ಪದರಕ್ಕೆ ನಿಲ್ಲಿಸಿದರೆ ಆಮೇಲೆ ಕುಸಿಯುತ್ತದೆ, ಮೂರು ಬೇಕು. ಒಂದೂಕಾಲು ಗಂಟೆ ಹಿಡಿಯಿತು. ಫ್ಯಾನ್ ಹಾಕಿಕೊಂಡಿದ್ದರೂ ಬೆವರಿಳಿದು, ತಲೆ ಸುತ್ತಿ, ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಸೊಂಟಕ್ಕೆ ದಾರ ಕಟ್ಟಿ ಗೆರೆ ಎಳೆದು, ಬೆನ್ನ ನಡುವೆ ಕೆಳಗಿನಿಂದ ಮೇಲಕ್ಕೆ ಕತ್ತರಿಸಿ ಬಿಡಿಸಿದಳು. ಸೀಳನ್ನು ಮತ್ತೆ ಅಂಟಿಸಿ, ತೋಳು ಕತ್ತಿನ ತೂತುಗಳಿಗೆ ರಟ್ಟು ಮುಚ್ಚಿ, ಕಟಿಂಗ್‌ನಲ್ಲಿ ಮಿಕ್ಕ ಚಿಂದಿ ತುಂಬಿದೆವು. ನಾನು ಕೆಡಿಸಿದ್ದು ಇಲ್ಲೇ. ಗಟ್ಟಿಯಾಗಲಿ ಅಂತ ಒತ್ತಿ ಒತ್ತಿ ತುಂಬಿದೆ, 32 ಇಂಚಿನ ಸೊಂಟ 34 ಆಗಿ ಕೂತಿತು. ಮನುಷ್ಯರ ಸೊಂಟ ಅಗಲಕ್ಕಿರುತ್ತದೆ, ತುಂಬಿದ ಚೀಲ ಗುಂಡಗಾಗುತ್ತದೆ. ಮತ್ತೆ ಬಿಚ್ಚಿ ಎರಡು ಹಿಡಿ ತೆಗೆದು ಅಳತೆ ಸರಿ ಮಾಡಿ, ಕೆಟ್ಟ ಪೆಡೆಸ್ಟಲ್ ಫ್ಯಾನಿನ ಕಾಲಿಗೆ ಸಿಕ್ಕಿಸಿದ್ದಾಯಿತು.

ಸಂಜೆ ದೀಪ ಹಚ್ಚಲು ಬಂದ ಅತ್ತೆ ಬೆಚ್ಚಿಬಿದ್ದು, ‘ಇದೆಂತದೇ ಮಾರಾಯ್ತಿ, ಬೆರ್ಚಪ್ಪನ್ನ ಮನೆಯೊಳಗೆ ತಂದಿಟ್ಟಿದೀಯ?’ ಅಂದರು. ಹಾಗೆ ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕ ಮೊದಲ ಕನ್ನಡ ಹೆಸರು ಬೆರ್ಚಪ್ಪ, ಅಂದರೆ ಹೊಲದ ಬೆದರುಬೊಂಬೆ. ಆದರೆ ತಮ್ಮ ಮೈಯ ನಕಲನ್ನು ಬೆರ್ಚಪ್ಪ ಅನ್ನಿಸಿಕೊಳ್ಳಲು ನನ್ನ ಶಿಷ್ಯೆಯರು ಒಪ್ಪಲಿಲ್ಲ.

ಅಂಗಡಿಯವರು ಅನ್ನುವುದು ಡಮ್ಮಿ. ಸೀರೆ ಉಡಿಸಿ ಗಾಜಿನ ಹಿಂದೆ ನಿಲ್ಲಿಸಿದ್ದೂ ಡಮ್ಮಿ, ಚುನಾವಣೆಯಲ್ಲಿ ಮತ ಒಡೆಯಲು ನಿಂತವನೂ ಡಮ್ಮಿ. ಇಂಗ್ಲಿಷಿನಲ್ಲಿ ಅದು ಮಾತು ಬಾರದವನು ಅನ್ನುವಲ್ಲಿಂದ ಬಂದ ಪದ, ನಮ್ಮಲ್ಲಿ ಅದಕ್ಕೆ ಹುಸಿ ಅನ್ನುವ ಅರ್ಥವೇ ಮುಂದಾಗಿದೆ. ನನ್ನ ಬೆನ್ನಿನ ಗೂನು, ಎಡಕ್ಕಿಂತ ಅರ್ಧ ಇಂಚು ಇಳಿದ ಬಲ ಭುಜ, ಎಲ್ಲವನ್ನೂ ಮುಲಾಜಿಲ್ಲದೆ ತೋರಿಸುವ ವಸ್ತುವಿಗೆ ಆ ಹೆಸರು ಹೇಗೆ ಕೂರುತ್ತದೆ?

‘ಪ್ರತಿಕೃತಿ’ ಅಂದುಕೊಂಡೆ. ಅದನ್ನು ಪತ್ರಿಕೆಗಳು ಸುಡುವುದಕ್ಕೇ ಮೀಸಲಿಟ್ಟಿವೆ. ‘ಮುಂಡ’ ಅರ್ಥಕ್ಕೆ ಸರಿ, ಬಾಯಲ್ಲಿ ಬೈಗುಳದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಹಳಗನ್ನಡದಲ್ಲಿ ಅದಕ್ಕೇ ‘ಅಟ್ಟೆ’ ಅಂತ ಚಿಕ್ಕ, ಗಟ್ಟಿ ಪದವಿದೆ, ತಲೆಯಿಲ್ಲದ ದೇಹ ಅಂತ. ಕಾವ್ಯಗಳ ಯುದ್ಧಭೂಮಿಯಲ್ಲಿ ಕುಣಿಯುವ ಅಟ್ಟೆಯನ್ನು ಹೊಲಿಗೆ ಕೋಣೆಗೆ ತರಬಹುದಿತ್ತು. ಆದರೆ ‘ಆ ಅಟ್ಟೆಗೆ ನಾಲ್ಕು ಸೂಜಿ ಚುಚ್ಚೇ’ ಅಂತ ನಾದಿನಿಗೆ ಕೂಗಿ ಹೇಳಿದರೆ, ಪಕ್ಕದ ಕೋಣೆಯಲ್ಲಿರುವ ಅತ್ತೆಗೆ ಹೇಗೆ ಕೇಳಿಸೀತು ಯೋಚಿಸಿ.

ನನಗೆ ಹೆಚ್ಚು ಹಿಡಿಸಿದ್ದು ‘ಅಚ್ಚು’. ಸಂಕ್ರಾಂತಿಗೆ ಪಾಕ ಹೊಯ್ಯುವ ಮರದ ಪಡಿಯೂ ಅಚ್ಚು, ಅದರಿಂದ ಬಿಡಿಸಿ ತಟ್ಟೆಗಿಡುವ ಸಕ್ಕರೆಯೂ ಅಚ್ಚು. ಇಲ್ಲಿ ನಡೆಯುವುದೂ ಅದೇ. ಟೇಪಿನ ಸಿಪ್ಪೆ ಮೊದಲು ನನ್ನ ಮೈಯಿಂದ ಆಕಾರ ತೆಗೆದುಕೊಳ್ಳುತ್ತದೆ, ಚಿಂದಿ ತುಂಬಿದ ಮೇಲೆ ಬಟ್ಟೆಗೆ ಆಕಾರ ಕೊಡುತ್ತದೆ. ‘ಮಗಳು ಅಮ್ಮನ ಪಡಿಯಚ್ಚು’ ಅನ್ನುತ್ತೇವಲ್ಲ, ಆ ಮಾತು ಅಕ್ಷರಶಃ ಒಪ್ಪುವುದು ಇದಕ್ಕೆ. ‘ಮೈಯಚ್ಚು’ ಅಂದರೆ ಹೇಗೆ? ಉರ್ದುವಿನ ‘ಕಾಲ್ಬುದ್’ ಕೂಡ ಇದೇ ದಾರಿಯದು. ಪಾರಸಿಯಲ್ಲಿ ಅದು ದೇಹ ಅಂತಲೂ ಅಚ್ಚು ಅಂತಲೂ ಆಗುತ್ತದೆ, ಹಿಂದಿಯಲ್ಲಿ ‘ಕಲ್ಬೂತ್’ ಆಗಿ ಚಪ್ಪಲಿ ಹೊಲಿಯುವವರ ಕಾಲಿನಾಕಾರದ ಅಚ್ಚಿಗೆ ನಿಂತಿದೆ.

ವಸ್ತುವೇನೂ ಹೊಸದಲ್ಲ. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ, ಪ್ರಾಚೀನ ಈಜಿಪ್ಟಿನ ಅರಸ ತೂತನ್‌ಖಾಮನ್‌ನ ಸಮಾಧಿಯಲ್ಲಿ ಕೈಯಿಲ್ಲದ, ಸೊಂಟಕ್ಕೇ ಮುಗಿಯುವ ಮರದ ಬೊಂಬೆ ಸಿಕ್ಕಿತ್ತು, ಅರಸನ ಉಡುಪಿಗೆ ಇಟ್ಟದ್ದಿರಬಹುದು ಅಂತ ಕಾರ್ಟರನ ಊಹೆ. ನಮ್ಮಲ್ಲಿ ಹೆಸರಿಲ್ಲದಿರುವುದಕ್ಕೆ ನನ್ನ ಊಹೆ ಇಷ್ಟೇ: ಸೀರೆ, ಪಂಚೆಗೆ ಇದು ಬೇಕಿರಲಿಲ್ಲ, ರವಿಕೆಗೆ ‘ಅಳತೆ ಬ್ಲೌಸ್’ ಸಾಕಿತ್ತು. ಸರಿಯಾಗಿ ಕೂರುವ ಒಂದೇ ಒಂದು ಹಳೇ ಬ್ಲೌಸನ್ನು ದರ್ಜಿಗೆ ಕೊಟ್ಟು, ‘ಕಂಕುಳಲ್ಲಿ ಚೂರು ಸಡಿಲ ಬಿಡಿ, ತೋಳು ಇಷ್ಟೇ ಇರಲಿ’ ಅಂತ ಹೇಳಿ ಬರುತ್ತೇವೆ. ಅದು ಕಳೆದರೆ ಅಳತೆಯೇ ಕಳೆದ ಹಾಗೆ. ಮಡಿಸಿ ಚೀಲಕ್ಕೆ ಹಾಕಿಕೊಳ್ಳುವ ಡ್ರೆಸ್ ಫಾರ್ಮ್ ಅದು. ಹಾಗಾಗಿ ‘ಅಳತೆ ಬೊಂಬೆ’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಶಿಷ್ಯೆಯರು ಈಗಾಗಲೇ ಹಾಗೆ ಕರೆಯಲು ಶುರುಮಾಡಿದ್ದಾರೆ. ನನ್ನ ಮನಸ್ಸು ಮಾತ್ರ ಮೈಯಚ್ಚಿನ ಕಡೆಗೇ ಇದೆ.

ಇದರ ಜೊತೆಗೆ ಕ್ರಿಯಾಪದದ ತೊಡಕು. ಕತ್ತರಿಸುವ ಮೊದಲೇ ಬಟ್ಟೆಯನ್ನು ಬೊಂಬೆಯ ಮೇಲೆ ಇಳಿಬಿಟ್ಟು, ನೆರಿಗೆ ಹಿಡಿದು, ಸೂಜಿ ಚುಚ್ಚಿ ಆಕಾರಕ್ಕೆ ತರುವುದಕ್ಕೆ ‘ಡ್ರೇಪಿಂಗ್’ ಅನ್ನುತ್ತಾರೆ. ಕನ್ನಡದಲ್ಲಿ ಸುತ್ತಿಕೊಳ್ಳುವುದನ್ನು ಉಡುತ್ತೇವೆ, ಹೊಲಿದದ್ದನ್ನು ತೊಡುತ್ತೇವೆ. ‘ಉಡುಗೆ ತೊಡುಗೆ’ ಅಂತ ಎರಡನ್ನೂ ಬಿಡದೆ ಹೇಳುತ್ತೇವೆ. ಹಾಗಾದರೆ ಬೊಂಬೆಗೆ ಬರೀ ಬಟ್ಟೆಯನ್ನು ‘ಉಡಿಸಿ’, ಹೊಲಿದಾದ ಮೇಲೆ ಅದನ್ನೇ ‘ತೊಡಿಸಿ’ ನೋಡಬೇಕು. ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೇನೆ. ಆದರೆ ಹುಡುಗಿಯರ ಬಾಯಲ್ಲಿ ಎಲ್ಲದಕ್ಕೂ ‘ಹಾಕು’. ಸೀರೆಯನ್ನೂ ಹಾಕಿಕೊಳ್ಳುತ್ತಾರೆ! ಅವರಿಗೆ ಈ ವ್ಯತ್ಯಾಸ ಕಿವಿಗೆ ಬಿದ್ದೀತೋ, ಇಲ್ಲ ಹಳೇ ಪುಸ್ತಕದ ಮಾತು ಅನ್ನಿಸೀತೋ?

ಹುಬ್ಬಳ್ಳಿ, ಕಲಬುರಗಿ, ಬಳ್ಳಾರಿ, ಮಂಗಳೂರು ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ನಿಮ್ಮ ಸಿಂಪಿಗರು, ದರ್ಜಿಗಳು ಇದಕ್ಕೆ ಡಮ್ಮಿ ಬಿಟ್ಟು ಬೇರೆ ಏನಾದರೂ ಅನ್ನುತ್ತಾರೆಯೇ? ಮುಂದಿನ ಸಲ ಕುಬಸ ಕೊಡಲು ಹೋದಾಗ ಒಂದು ಮಾತು ಕೇಳಿ ಬರೆಯಿರಿ. ಟಿಪ್ಪಣಿಯ ತಲೆಬರಹದ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.