ನಾಲ್ಕು ಚೀಲ ಯೂರಿಯಾ ಹಾಕಿದರೂ ಜೋಳದ ಕೆಳಗಿನ ಎಲೆ ಹಳದಿ: ಗೊಬ್ಬರ ಸಾಲದ್ದೋ, ನೀರು ಹೆಚ್ಚಾದದ್ದೋ?

ನುಗ್ಗೇಹಳ್ಳಿ ಬಯಲು (ಪ್ರಶ್ನೆ)

ಬೇಸಿಗೆ ಮುಸುಕಿನ ಜೋಳ, ಒಂದು ಎಕರೆ. ಮರಳು ಬೆರೆತ ಕೆಂಪು ಮಣ್ಣು, ಒಂದೂವರೆ ಅಡಿ ಕೆಳಗೆ ಗರಸು. ಸಾಲಿನಿಂದ ಸಾಲಿಗೆ 60 ಸೆಂ.ಮೀ. ಪೈರಿಗೆ ಈಗ 42 ದಿನ. ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 2 ಚೀಲ, ಪೊಟ್ಯಾಷ್ 25 ಕೆ.ಜಿ. ಆಮೇಲೆ 15ನೇ ದಿನ ಯೂರಿಯಾ 2 ಚೀಲ, 32ನೇ ದಿನ ಇನ್ನೆರಡು ಚೀಲ. ಎರಡು ಸಲವೂ ನೀರು ಹಾಯಿಸಿದ ಮಾರನೇ ದಿನ ಹಸಿ ನೆಲದ ಮೇಲೆ ಎರಚಿದ್ದು.

ಬೋರಿನ ನೀರು 200 ಲೀಟರಿನ ಡ್ರಮ್ಮನ್ನು ಒಂದು ನಿಮಿಷದಲ್ಲಿ ತುಂಬಿಸುತ್ತದೆ. ದಿನಕ್ಕೆ 7 ಗಂಟೆಯಂತೆ ಮೂರು ದಿನ ಬಿಟ್ಟರೆ ಎಕರೆ ಮುಗಿಯುತ್ತದೆ. ಎಂಟು ದಿನಕ್ಕೊಮ್ಮೆ ಈ ಸರದಿ. ಸಾಲುಗಳು ಸುಮಾರು 80 ಮೀಟರ್ ಉದ್ದ.

ಕೆಳಗಿನ ಮೂರು ನಾಲ್ಕು ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಿವೆ. ನೀರು ಬಿಡುವ ತಲೆಕಡೆ ಜಾಸ್ತಿ, ಕೊನೆಕಡೆ ಕಡಿಮೆ. ಕೆಲವು ಗಿಡಗಳ ಎಳೆ ಎಲೆಗಳಲ್ಲಿ ಬಿಳಿ ಪಟ್ಟೆಯೂ ಇದೆ. ಅಂಗಡಿಯಲ್ಲಿ ಇನ್ನೊಂದು ಚೀಲ ಯೂರಿಯಾ ಹಾಕಿ ಅಂತಾರೆ. ಹಾಕಬೇಕಾ?

ಗೊರೂರು ನಾಲೆ

ಈಗಲೇ ಬೇಡ. ಮೊದಲು ನೀರಿನ ಲೆಕ್ಕ ಹಾಕಿ. ಗೊಬ್ಬರದ ಲೆಕ್ಕ ಅದರೊಳಗೇ ಇದೆ.

ಒಂದು ಗುಂಟೆಗೆ 1 ಮಿ.ಮೀ ನೀರು ಅಂದರೆ ಸುಮಾರು 100 ಲೀಟರ್, ಎಕರೆಗೆ 4,000 ಲೀಟರ್. ನಿಮ್ಮ ಬೋರು ಗಂಟೆಗೆ 12,000 ಲೀಟರ್ ಕೊಡುತ್ತದೆ, ಅಂದರೆ ಎಕರೆಗೆ ಗಂಟೆಗೆ 3 ಮಿ.ಮೀ. 21 ಗಂಟೆಗೆ 62 ಮಿ.ಮೀ ಆಯಿತು.

ಈಗ ಮಣ್ಣು ಎಷ್ಟು ಹಿಡಿಯುತ್ತದೆ ನೋಡಿ. ಇಂಥ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರು ಪ್ರತಿ 10 ಸೆಂ.ಮೀ ಆಳಕ್ಕೆ 10 ಮಿ.ಮೀ ಆಸುಪಾಸು. ಗರಸಿನ ತನಕ 45 ಸೆಂ.ಮೀ ಬೇರು ಇಳಿದಿದ್ದರೆ ಒಟ್ಟು 45 ಮಿ.ಮೀ. ಈ ವಯಸ್ಸಿನ ಪೈರು ಬೇಸಿಗೆಯಲ್ಲಿ ದಿನಕ್ಕೆ 4ರಿಂದ 5 ಮಿ.ಮೀ ಕುಡಿಯುತ್ತದೆ. ಎಂಟು ದಿನಕ್ಕೆ 36 ಮಿ.ಮೀ ಖಾಲಿ. ಖಾಲಿಯಾದದ್ದು 36, ನೀವು ತುಂಬುವುದು 62. ಉಳಿದ 26 ಮಿ.ಮೀ ಗರಸಿಗೆ ಇಳಿಯುತ್ತದೆ. ಹೆಚ್ಚುವರಿ ನೀರು 10 ಮಿ.ಮೀ ಇಳಿದರೆ ಇಂಥ ಮಣ್ಣಿನಲ್ಲಿ ನೈಟ್ರೇಟ್ (ಯೂರಿಯಾ ಮಣ್ಣಿನಲ್ಲಿ ಕೊನೆಗೆ ಬದಲಾಗುವ, ನೀರಿನ ಜೊತೆ ಹರಿಯುವ ಸಾರಜನಕದ ರೂಪ) ಸುಮಾರು 5 ಸೆಂ.ಮೀ ಕೆಳಗೆ ಜಾರುತ್ತದೆ. ಅಂದರೆ ಪ್ರತಿ ಸರದಿಗೂ 13 ಸೆಂ.ಮೀ. ಮೂರು ನಾಲ್ಕು ಸರದಿಯಾದರೆ ಮೇಲಿದ್ದದ್ದು ಬೇರಿನ ಕೈಗೆ ಸಿಗುವುದಿಲ್ಲ. ತಲೆಕಡೆ ನೀರು ಹೆಚ್ಚು ಹೊತ್ತು ನಿಲ್ಲುವುದರಿಂದ ಅಲ್ಲಿ ಇಳಿಯುವುದು 26ಕ್ಕಿಂತಲೂ ಜಾಸ್ತಿ. ಹಳದಿ ಅಲ್ಲೇ ಹೆಚ್ಚಿರುವುದು ಅದಕ್ಕೆ. ಬರೀ ಗೊಬ್ಬರದ ಕೊರತೆಯಾಗಿದ್ದರೆ ಹೊಲವೆಲ್ಲ ಒಂದೇ ಥರ ಇರುತ್ತಿತ್ತು.

ಇನ್ನೊಂದು ಮುಖವೂ ಇದೆ. ಸಿಗುವ ನೀರಿನಲ್ಲಿ ಅರ್ಧ ಮುಗಿದ ಕೂಡಲೇ ಜೋಳಕ್ಕೆ ಬಿಗಿ ಶುರು. ನಿಮ್ಮ ಹೊಲದಲ್ಲಿ ಅದು ಐದನೇ ದಿನವೇ ಆಗುತ್ತದೆ. ಮೊದಲ ದಿನ ಸಾರಜನಕ ಸೋರುತ್ತದೆ, ಆರನೇ ದಿನದಿಂದ ಗಿಡ ಬಾಯಾರುತ್ತದೆ. ಒಂದೇ ಸರದಿಯಲ್ಲಿ ಎರಡೂ ನಷ್ಟ.

ಹಾಕಿದ ಸಾರಜನಕವೂ ಕಡಿಮೆಯೇನಲ್ಲ. ಡಿಎಪಿಯಿಂದ 18 ಕೆ.ಜಿ, 45 ಕೆ.ಜಿ.ಯ ನಾಲ್ಕು ಚೀಲ ಯೂರಿಯಾದಿಂದ 83, ಒಟ್ಟು 101. ನೀರಾವರಿ ಜೋಳಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಸಾರಜನಕ, ರಂಜಕ, ಪೊಟ್ಯಾಷ್ ಕ್ರಮದಲ್ಲಿ ಹೆಕ್ಟೇರಿಗೆ 150:75:40, ಅಂದರೆ ಎಕರೆಗೆ 60:30:16 ಕೆ.ಜಿ. ಎಕರೆಗೆ 25 ಕ್ವಿಂಟಾಲ್ ಕಾಳು ಕೊಡುವ ಬೆಳೆ ಕಾಳು ದಂಟು ಎಲ್ಲ ಸೇರಿ 55 ಕೆ.ಜಿ ಆಸುಪಾಸು ಸಾರಜನಕ ಎತ್ತುತ್ತದೆ. ಇನ್ನೊಂದು ಚೀಲ ಎರಚಿ ಮತ್ತೆ 62 ಮಿ.ಮೀ ಬಿಟ್ಟರೆ ಅದೂ ಹಿಂದಿನದರ ದಾರಿ ಹಿಡಿಯುತ್ತದೆ.

ಮಣ್ಣಿನ ಹದ

ಮೇಲಿನ ಲೆಕ್ಕ ಸರಿಯಾಗಿದೆ. ಯೂರಿಯಾ ಎರಚಿದ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು.

ಹಸಿ ನೆಲದ ಮೇಲೆ ಎರಚಿ ಹಾಗೇ ಬಿಡುವುದಕ್ಕಿಂತ ಕೆಟ್ಟ ವಿಧಾನ ಇನ್ನೊಂದಿಲ್ಲ. ಹರಳು ಕರಗುವಷ್ಟು ತೇವ ಇರುತ್ತದೆ, ಆದರೆ ಒಳಗೆ ಕೊಂಡೊಯ್ಯುವಷ್ಟು ನೀರು ಇರುವುದಿಲ್ಲ. ಮಣ್ಣಿನ ಯೂರಿಯೇಸ್ ಕಿಣ್ವ ಎರಡರಿಂದ ನಾಲ್ಕು ದಿನದಲ್ಲಿ ಅದನ್ನು ಅಮೋನಿಯಂ ಮಾಡುತ್ತದೆ. ಆಗ ಹರಳಿನ ಸುತ್ತಲಿನ ಮಣ್ಣು ಕ್ಷಾರವಾಗಿ ಅಮೋನಿಯಾ ಗಾಳಿಗೆ ಹಾರುತ್ತದೆ. ಬಿಸಿಲು, ಗಾಳಿ ಇದ್ದರೆ ಇನ್ನೂ ಬೇಗ. 2015ರಿಂದ ನಮಗೆ ಸಿಗುವ ಯೂರಿಯಾಕ್ಕೆ ಬೇವಿನ ಲೇಪ ಇದೆ ನಿಜ, ಆದರೆ ಆ ಲೇಪದ ಮುಖ್ಯ ಕೆಲಸ ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾಗುವುದನ್ನು ನಿಧಾನ ಮಾಡುವುದು. ಮೇಲೆ ಬಿದ್ದದ್ದು ಹಾರಿಹೋಗುವುದಕ್ಕೆ ಅದನ್ನು ನಂಬಬೇಡಿ.

ಒಣಗಿದ ಮೇಲ್ಮಣ್ಣಿನಲ್ಲಿ ಬುಡದಿಂದ 8–10 ಸೆಂ.ಮೀ ದೂರ, 5 ಸೆಂ.ಮೀ ಆಳಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಮಣ್ಣು ಏರಿಸುವ ದಿನವೇ ಹಾಕಿದರೆ ಕೂಲಿ ಉಳಿಯುತ್ತದೆ. ಎರಚಲೇಬೇಕಾದರೆ ಅದೇ ದಿನ 10–15 ಮಿ.ಮೀ ಹಗುರ ನೀರು ಕೊಡಿ.

15ನೇ ದಿನದ ಎರಡು ಚೀಲ ಸಮಯ ತಪ್ಪಿದ ಗೊಬ್ಬರ. ಆ ವಯಸ್ಸಿನಲ್ಲಿ ಗಿಡ ಎತ್ತುವುದು ಅತ್ಯಲ್ಪ. ಮೊಣಕಾಲುದ್ದ ಬಂದ ಮೇಲೆ ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಿಡುವ ತನಕ ಇರುವ ಮೂರು ನಾಲ್ಕು ವಾರದಲ್ಲೇ ಹೆಚ್ಚಿನ ಪಾಲು ಎತ್ತುವುದು. ತಳಕ್ಕೆ ಮೂರನೇ ಒಂದು ಪಾಲು, 30ನೇ ದಿನ ಒಂದು ಪಾಲು, 50ರ ಹತ್ತಿರ ಒಂದು ಪಾಲು. ಹಗುರ ಮಣ್ಣಿಗೆ ಇದೇ ಸರಿ.

ಬಿಳಿ ಪಟ್ಟೆ ಸತುವಿನ ಕೊರತೆ. ಡಿಎಪಿ 2 ಚೀಲದಿಂದ ರಂಜಕ 46 ಕೆ.ಜಿ ಬಿದ್ದಿದೆ, ಬೇಕಾದದ್ದು 30. ರಂಜಕ ಹೆಚ್ಚಾದರೆ ಬೇರು ಸತುವನ್ನು ಎತ್ತುವುದು ಕುಗ್ಗುತ್ತದೆ. ಈಗ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಜೊತೆಗೆ 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ. ಮುಂದಿನ ಬೆಳೆಗೆ ಎಕರೆಗೆ 4 ಕೆ.ಜಿ.ಯನ್ನು ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ, ಡಿಎಪಿ ಜೊತೆ ಬೆರೆಸಬೇಡಿ.

ನುಗ್ಗೇಹಳ್ಳಿ ಬಯಲು

ಸರಿ, ಅರ್ಧ ನೀರು ಐದನೇ ದಿನಕ್ಕೇ ಮುಗಿಯುತ್ತದಾದರೆ ಐದು ದಿನಕ್ಕೊಮ್ಮೆ 25 ಮಿ.ಮೀ ಕೊಡಬೇಕು ಅಂದುಕೊಳ್ಳೋಣ. ಸಾಲಿನಲ್ಲಿ ಅಷ್ಟು ಕಡಿಮೆ ಬಿಟ್ಟರೆ ನೀರು ಕೊನೆ ಮುಟ್ಟುವುದೇ ಇಲ್ಲವಲ್ಲ?

ಗೊರೂರು ನಾಲೆ

80 ಮೀಟರ್ ಸಾಲಿನಲ್ಲಿ ಮುಟ್ಟುವುದಿಲ್ಲ. ನಡುವೆ ಒಂದು ಅಡ್ಡಗಾಲುವೆ ಹಾಕಿ 40 ಮೀಟರಿನ ಎರಡು ತುಂಡು ಮಾಡಿ. ಆಮೇಲೆ ಸಾಲು ಬಿಟ್ಟು ಸಾಲು ಹಾಯಿಸಿ, ಮುಂದಿನ ಸರದಿಗೆ ಬಿಟ್ಟ ಸಾಲು. ಆಗ ಒಂದು ನೀರಿನ ಸಾಲಿಗೆ 1.2 ಮೀಟರ್ ಅಗಲ ಬರುತ್ತದೆ, 40 ಮೀಟರಿಗೆ 48 ಚದರ ಮೀಟರ್. 25 ಮಿ.ಮೀ ಅಂದರೆ 1,200 ಲೀಟರ್.

ನೀರನ್ನು ಎಂಟು ಹತ್ತು ಸಾಲಿಗೆ ಹಂಚಬೇಡಿ, ಸಣ್ಣಗೆ ಹರಿಯುವ ನೀರು ತಲೆಕಡೆಯೇ ಇಂಗುತ್ತದೆ. ಒಂದು ಸಲಕ್ಕೆ ಮೂರೇ ಸಾಲು. ಸಾಲಿಗೆ ನಿಮಿಷಕ್ಕೆ 67 ಲೀಟರ್ ಓಡುತ್ತದೆ, 18 ನಿಮಿಷಕ್ಕೆ ತಿರುಗಿಸಿ. ಎಕರೆಗೆ ಸುಮಾರು 84 ಸಾಲು, 28 ಸರತಿ, ಎಂಟೂವರೆ ಗಂಟೆ. ಒಂದು ದಿನದ ಕರೆಂಟು, ಮಾರನೇ ದಿನ ಒಂದೂವರೆ ಗಂಟೆ.

ಯೂರಿಯಾವನ್ನು ಆ ಸರದಿಯಲ್ಲಿ ನೀರು ಬಿಡದ ಸಾಲಿನ ಪಕ್ಕಕ್ಕೆ ಹಾಕಿ ಮುಚ್ಚಿ. ತೇವ ಪಕ್ಕದಿಂದ ಬರುತ್ತದೆ, ಇಳಿಸುವ ನೀರು ಬರುವುದಿಲ್ಲ.

ಮಾರನೇ ದಿನ ಬೆರಳು ದಪ್ಪದ ಕಬ್ಬಿಣದ ಸರಳನ್ನು ತಲೆಕಡೆ, ನಡುವೆ, ಕೊನೆಕಡೆ ಒತ್ತಿ ನೋಡಿ. ಒದ್ದೆ ಇರುವ ತನಕ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣಿಗೆ ತಾಗಿದರೆ ನಿಲ್ಲುತ್ತದೆ. ಮೂರೂ ಕಡೆ ಒಂದಡಿಯಿಂದ ಒಂದೂವರೆ ಅಡಿ ಒಳಗಿದ್ದರೆ ಸರಿ. ತಲೆಕಡೆ ಮಾತ್ರ ಗರಸಿಗೆ ತಾಗಿದರೆ 18 ನಿಮಿಷವನ್ನು 15 ಮಾಡಿ.

ಈ ಬೆಳೆಗೆ ಹೇಳುವುದಾದರೆ: ಮೊದಲು ಎರಡು ಹಗುರ ನೀರು. ಹಳದಿ ಮೇಲೇರುವುದು ನಿಲ್ಲದಿದ್ದರೆ ಲೀಟರಿಗೆ 20 ಗ್ರಾಂ ಯೂರಿಯಾ ಸಂಜೆ ಸಿಂಪಡಿಸಿ. 200 ಲೀಟರಿಗೆ 4 ಕೆ.ಜಿ, ಸಿಗುವ ಸಾರಜನಕ 1.8 ಕೆ.ಜಿ ಮಾತ್ರ, ಹಾಗಾಗಿ ಇದು ತಾತ್ಕಾಲಿಕ. 50ನೇ ದಿನದ ಒಳಗೆ ಒಂದು ಚೀಲ, ಮುಚ್ಚಿ ಹಾಕಿದರೆ ಮಾತ್ರ. ಸೂಲಂಗಿ ಬಿಟ್ಟು ತೆನೆಗೆ ಮೀಸೆ ಬರುವ ಆ ಎರಡು ವಾರ ಒಂದು ಸರದಿಯನ್ನೂ ತಪ್ಪಿಸಬೇಡಿ. ನೀರು ಬಿಗಿಯಾದರೆ ಮೀಸೆ ತಡವಾಗುತ್ತದೆ, ಅಷ್ಟರಲ್ಲಿ ಪರಾಗ ಉದುರಿರುತ್ತದೆ, ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ಬೀರೂರು ಎರೆ

ನಮ್ಮ ಕಡೆ ಮಳೆಯಾಶ್ರಿತ, ಎರೆ ಮಣ್ಣು. ಸೋರುವ ಸಮಸ್ಯೆ ಇಲ್ಲ. ಆದರೂ ಜೋರು ಮಳೆ ಬಂದ ವಾರದಲ್ಲಿ ಇದೇ ಥರ ಹಳದಿ. ಏಕೆ?

ಮಣ್ಣಿನ ಹದ

ಎರೆಯಲ್ಲಿ ಅದು ಕೆಳಗಿಳಿಯುವುದಕ್ಕಿಂತ ಗಾಳಿಗೆ ಹೋಗುವುದು ಹೆಚ್ಚು. ನೀರು ಎರಡು ಮೂರು ದಿನ ನಿಂತರೆ ಮಣ್ಣಿನ ಆಮ್ಲಜನಕ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ನೈಟ್ರೇಟಿನ ಆಮ್ಲಜನಕ ಬಳಸಿ ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಅಮೋನಿಯಂಗೆ ಹೀಗಾಗುವುದಿಲ್ಲ. ಹಾಗಾಗಿ ಮಳೆಗೆ ಎರಡು ವಾರ ಮೊದಲು ಹಾಕಿದ ಯೂರಿಯಾ ನೈಟ್ರೇಟ್ ಆಗಿ ಬಹುಪಾಲು ಕಳೆದಿರಬಹುದು, ಮೂರು ದಿನ ಮೊದಲು ಮುಚ್ಚಿ ಹಾಕಿದ್ದು ಇನ್ನೂ ನೈಟ್ರೇಟ್ ಆಗಿರದ ಕಾರಣ ಹೆಚ್ಚಾಗಿ ಉಳಿದಿರುತ್ತದೆ. ಮತ್ತೆ ಹಾಕಬೇಕೋ ಬೇಡವೋ ಎನ್ನುವುದನ್ನು ಈ ತಾರೀಖು ನೋಡಿ ತೀರ್ಮಾನಿಸಿ.

ಮೊದಲು ಬಸಿಗಾಲುವೆ ತೆಗೆದು ನೀರು ಹೊರಡಿಸಿ. ಹದಕ್ಕೆ ಬಂದ ಮೇಲೆ ಎಡೆಕುಂಟೆ ಹೊಡೆದು ಗಾಳಿ ಆಡಿಸಿ, ಆಮೇಲೆಯೇ ಗೊಬ್ಬರ. ಉಸಿರುಗಟ್ಟಿದ ಬೇರು ಏನನ್ನೂ ಎತ್ತುವುದಿಲ್ಲ. ಬಿತ್ತಿದ ಮೊದಲ ಮೂರು ವಾರ ಇನ್ನೂ ಎಚ್ಚರ ಬೇಕು, ಆಗ ಜೋಳದ ಸುಳಿಯ ಮೊಳಕೆ ನೆಲದೊಳಗೇ ಇರುತ್ತದೆ. ಮಳೆಯಾಶ್ರಿತಕ್ಕೆ ಎಕರೆಗೆ ಸಾರಜನಕ 40 ಕೆ.ಜಿ ಸಾಕು.

ಬೇಲೂರು ಹನಿ

ನುಗ್ಗೇಹಳ್ಳಿಯವರು ಮುಂದಿನ ಬೇಸಿಗೆಗೆ ಹನಿ ನೀರಾವರಿ ಯೋಚಿಸಿ. ಜೋಡಿ ಸಾಲಿಗೆ ಒಂದರಂತೆ 1.2 ಮೀಟರಿಗೊಂದು ಪೈಪು, 40 ಸೆಂ.ಮೀ.ಗೆ ಗಂಟೆಗೆ 2 ಲೀಟರಿನ ತೂತು ಇದ್ದರೆ ಎಕರೆಗೆ ಗಂಟೆಗೆ ಸುಮಾರು 17,000 ಲೀಟರ್ ಬೇಕು. ನಿಮ್ಮ 12,000ಕ್ಕೆ ಎಕರೆಯನ್ನು ಎರಡು ಭಾಗ ಮಾಡಿ. ಯೂರಿಯಾವನ್ನು ವಾರಕ್ಕೆ 8–10 ಕೆ.ಜಿ.ಯಂತೆ, ಸರದಿಯ ನಡುಭಾಗದಲ್ಲಿ ಬಿಡಿ. ಕೊನೆಗೆ 15–20 ನಿಮಿಷ ಬರೀ ನೀರು ಓಡಿಸಿ ನಿಲ್ಲಿಸಿ. ಗೊಬ್ಬರ ಬಿಟ್ಟ ಮೇಲೆ ಎರಡು ಗಂಟೆ ನೀರು ಓಡಿಸಿದರೆ ಹನಿಯಲ್ಲೂ ನೈಟ್ರೇಟ್ ಕೆಳಗಿಳಿಯುತ್ತದೆ.

ಬೋರಿನ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಲೀಟರಿನಲ್ಲಿ 45 ಮಿ.ಗ್ರಾಂ ನೈಟ್ರೇಟ್ ಇದ್ದರೆ, ಎಕರೆಗೆ 100 ಮಿ.ಮೀ ಹಾಯಿಸಿದಾಗ 4 ಕೆ.ಜಿ ಸಾರಜನಕ ನೀರಿನಲ್ಲೇ ಬರುತ್ತದೆ, ಅಷ್ಟನ್ನು ಯೂರಿಯಾದಲ್ಲಿ ಕಳೆಯಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯೂ ಅದೇ 45. ಅದಕ್ಕಿಂತ ಮೇಲಿದ್ದರೆ ಅದೇ ಬೋರಿನ ನೀರನ್ನು ಮಕ್ಕಳಿಗೆ ಕೊಡಬೇಡಿ. ಕಾಯಿಸಿದರೂ ನೈಟ್ರೇಟ್ ಹೋಗುವುದಿಲ್ಲ.