ಹಾಲು ನಿಲ್ಲಿಸಿ ಎಂದ ಸಂದೇಶ

ಹಳೇಮನೆ ಕುಟುಂಬ, ಭಾನುವಾರ

ದೊಡ್ಡಮ್ಮ, ಬೆಳಿಗ್ಗೆ 7.10
(ಹಲವು ಬಾರಿ ರವಾನೆಯಾದ ಸಂದೇಶ) ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕಾದ ಮಾಹಿತಿ. ಹಲ್ಲು ಹುಟ್ಟುವ ಕಾಲದಲ್ಲಿ ಮಗುವಿಗೆ ಭೇದಿಯಾಗುವುದು ಸಹಜ, ಗಾಬರಿಯಾಗಬೇಡಿ. ಎರಡು ದಿನ ಹಾಲನ್ನು ಪೂರ್ತಿಯಾಗಿ ನಿಲ್ಲಿಸಿ ಕರುಳಿಗೆ ವಿಶ್ರಾಂತಿ ಕೊಡಿ. ನೀರು ಕುಡಿಸಿದಷ್ಟೂ ಭೇದಿ ಹೆಚ್ಚುತ್ತದೆ. ಬಜೆ ಮತ್ತು ಜಾಯಿಕಾಯಿಯನ್ನು ಜೇನುತುಪ್ಪದಲ್ಲಿ ತೇಯ್ದು ದಿನಕ್ಕೆ ಮೂರು ಬಾರಿ ನೆಕ್ಕಿಸಿ. ನೆತ್ತಿ ಕುಳಿ ಬಿದ್ದಿದ್ದರೆ ಹರಳೆಣ್ಣೆ ಹಾಕಿ. ಆಸ್ಪತ್ರೆಯ ಪುಡಿಗಳ ಗೊಡವೆ ಬೇಡ. ಕನಿಷ್ಠ ಹತ್ತು ಗುಂಪುಗಳಿಗೆ ಕಳುಹಿಸಿ.

ದೊಡ್ಡಮ್ಮ, 7.14
ಪುಟ್ಟನಿಗೆ ಹೊಟ್ಟೆ ಕೆಟ್ಟಿದೆ ಎಂದು ನಿನ್ನೆ ಫೋನಿನಲ್ಲಿ ಕೇಳಿದಾಗಿನಿಂದ ನನಗೆ ನಿದ್ದೆ ಬಂದಿಲ್ಲ. ನಮ್ಮ ಭಜನಾ ಮಂಡಳಿಯ ಗುಂಪಿನಲ್ಲಿ ಇದು ಬಂದಿತ್ತು. ನಿಮಗೆ ಉಪಯೋಗವಾದೀತು ಎಂದು ಕಳುಹಿಸಿದ್ದೇನೆ.

ಅಕ್ಕ, 7.41
ನಿನ್ನೆ ಮಧ್ಯಾಹ್ನದಿಂದ ಏಳು ಬಾರಿ ನೀರುನೀರಾಗಿ ಹೋಗಿದೆ, ಎರಡು ಬಾರಿ ವಾಂತಿಯೂ ಆಗಿದೆ. ಕೆಳಗಿನ ಎರಡು ಹಲ್ಲು ಈಗಷ್ಟೇ ಮೂಡುತ್ತಿರುವುದರಿಂದ ಇದು ಸಹಜವಿರಬಹುದು ಎಂದುಕೊಂಡು ರಾತ್ರಿಯಿಂದ ಹಾಲು ಕಡಿಮೆ ಮಾಡಿದ್ದೇನೆ. ಈಗ ಪೂರ್ತಿಯಾಗಿ ನಿಲ್ಲಿಸಬೇಕೇ?

ನಾನು, 7.46
ಅಕ್ಕ, ದಯವಿಟ್ಟು ನಿಲ್ಲಿಸಬೇಡ. ಈ ಸಂದೇಶವನ್ನು ಓದಿ ಮುಗಿಸುವ ಮೊದಲು ಪುಟ್ಟನಿಗೆ ಹಾಲು ಕೊಡು, ಅವನು ಬೇಡವೆನ್ನುವವರೆಗೂ ಕೊಡು. ಆಮೇಲೆ ಮೂರು ವಿಷಯಗಳನ್ನು ನೋಡಿ ತಿಳಿಸು. ಕೊನೆಯ ಬಾರಿ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ? ಅಳುವಾಗ ಕಣ್ಣೀರು ಬರುತ್ತಿದೆಯೇ? ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಲ್ಲಿ ಮೆಲ್ಲಗೆ ಹಿಡಿದು ಬಿಟ್ಟರೆ ತಕ್ಷಣ ಸಮವಾಗುತ್ತದೆಯೇ, ಅಥವಾ ಮಡಿಕೆ ಸ್ವಲ್ಪ ಹೊತ್ತು ನಿಲ್ಲುತ್ತದೆಯೇ?

ಅಕ್ಕ, 7.58
ಐದು ಗಂಟೆಗೆ ಸ್ವಲ್ಪ ಮೂತ್ರ ಮಾಡಿದ್ದಾನೆ, ಬಣ್ಣ ಗಾಢವಾಗಿತ್ತು. ಕಣ್ಣೀರು ಬರುತ್ತಿದೆ. ಚರ್ಮ ಕೂಡಲೇ ಸಮವಾಯಿತು. ಹಾಲನ್ನು ಆತುರದಿಂದ ಕುಡಿದ.

ನಾನು, 8.09
ಹಾಗಾದರೆ ಮನೆಯಲ್ಲೇ ನೋಡಿಕೊಳ್ಳಲು ನಮಗೆ ಇನ್ನೂ ಸಮಯವಿದೆ, ಆದರೆ ಆತುರದಿಂದ ಕುಡಿಯುವುದು ಬಾಯಾರಿಕೆಯ ಗುರುತಾದ್ದರಿಂದ ಕಾಯಲು ಸಮಯವಿಲ್ಲ. ಹಲ್ಲಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಹಲ್ಲು ಮೂಡುವುದರಿಂದ ಮಗುವಿಗೆ ನೀರಿನಂಥ ಭೇದಿಯಾಗುವುದಿಲ್ಲ. ಹಲ್ಲು ಹುಟ್ಟುವ ಆರರಿಂದ ಹನ್ನೆರಡು ತಿಂಗಳ ಅವಧಿಯಲ್ಲೇ ಮಗು ಅಂಬೆಗಾಲಿಡುತ್ತದೆ, ನೆಲದ ಮೇಲಿನ ವಸ್ತುಗಳನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ, ಹೊರಗಿನ ಆಹಾರ ತಿನ್ನಲು ತೊಡಗುತ್ತದೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯೂ ಅದೇ ಸಮಯದಲ್ಲಿ ಕುಗ್ಗುತ್ತಿರುತ್ತದೆ. ಭೇದಿ ಬರುವುದು ಈ ದಾರಿಗಳಿಂದ; ಅಪವಾದ ಮಾತ್ರ ಹಲ್ಲಿನ ಮೇಲೆ. ಸಹಜವೆಂದು ಕಾಯುತ್ತಾ ಕುಳಿತು, ನೀರಿನಂಶ ಬತ್ತಿದ ಮೇಲೆ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರನ್ನು ನಮ್ಮ ತಾಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಪ್ರತಿ ವರ್ಷವೂ ನೋಡುತ್ತೇನೆ.

ಚಿಕ್ಕಪ್ಪ, 8.27
ಅತ್ತಿಗೆಯವರು ಪ್ರೀತಿಯಿಂದ ಕಳುಹಿಸಿದ ಸಂದೇಶವನ್ನು ಹೀಗೆ ಒಂದೇ ಏಟಿಗೆ ತಳ್ಳಿಹಾಕುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರುಗಳ ಮಕ್ಕಳು ಬಜೆ, ಜಾಯಿಕಾಯಿ ತೇಯ್ದ ಸುತ್ತುಖಾರ ನೆಕ್ಕಿಯೇ ಬೆಳೆದಿದ್ದಾರೆ. ಆ ಸಂದೇಶ ಬೇಡವೆಂದ ಆಸ್ಪತ್ರೆಯ ಪುಡಿ, ಅಂದರೆ ಓಆರ್‌ಎಸ್ ಎಂಬುದು ಉಪ್ಪು ಮತ್ತು ಸಕ್ಕರೆಯನ್ನು ಪೊಟ್ಟಣದಲ್ಲಿ ತುಂಬಿ ಮಾರುವ ಕಂಪನಿಗಳ ವ್ಯಾಪಾರವೆಂದೇ ನನ್ನ ಅಭಿಪ್ರಾಯ. ಹೊಟ್ಟೆ ಕೆಟ್ಟಾಗ ಲಂಘನ ಮಾಡಬೇಕೆಂಬ ನಮ್ಮ ಹಿರಿಯರ ಮಾತಿಗೆ ಬೆಲೆಯಿಲ್ಲವೇ? ರೋಟಾವೈರಸ್ ಲಸಿಕೆಯನ್ನು ಮೂರು ಬಾರಿ ಹಾಕಿಸಿದ ಮಗುವಿಗೂ ಭೇದಿಯಾಗಿದೆಯಲ್ಲ, ಇದಕ್ಕೆ ಏನು ಹೇಳುತ್ತೀ?

ನಾನು, 8.49
ಚಿಕ್ಕಪ್ಪ, ಲಸಿಕೆ ತಡೆಯುವುದು ರೋಟಾವೈರಸ್ಸಿನ ತೀವ್ರ ಭೇದಿಯನ್ನು. ಉಳಿದ ರೋಗಾಣುಗಳಿಗೆ ಆ ಲಸಿಕೆ ಬೇಲಿಯಲ್ಲ. ಲಂಘನ ದೊಡ್ಡವರಿಗೆ ಹಿತವಾಗಬಹುದು, ಆದರೆ ಎಂಟು ಕಿಲೋ ತೂಕದ ಮಗುವಿನ ದೇಹದಲ್ಲಿ ಅಷ್ಟು ನೀರೂ ಇಲ್ಲ, ಅಷ್ಟು ಕೂಡಿಟ್ಟ ಶಕ್ತಿಯೂ ಇಲ್ಲ. ಹಾಲು ನಿಲ್ಲಿಸಿದರೆ ಕರುಳಿಗೆ ವಿಶ್ರಾಂತಿ ಸಿಗುವುದಿಲ್ಲ. ಕರುಳಿನ ಒಳಪದರ ಮತ್ತೆ ಬೆಳೆಯಲು ಬೇಕಾದ ಆಹಾರವೇ ಇಲ್ಲದಂತಾಗುತ್ತದೆ.

ಓಆರ್‌ಎಸ್ ಕಂಪನಿಗಳ ವ್ಯಾಪಾರವೆಂಬ ಮಾತಿಗೆ ಮಾತ್ರ ನಾನು ಸುಮ್ಮನಿರಲಾರೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಬಂಗಾಂವ್ ಕಡೆಯ ಶಿಬಿರಗಳಲ್ಲಿದ್ದಾಗ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದವು. ಆಗ ಕೋಲ್ಕತ್ತದ ವೈದ್ಯ ಡಾ. ದಿಲೀಪ್ ಮಹಲನೋಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು ಮತ್ತು 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ದ್ರಾವಣವನ್ನು ಮಾಡಿಸಿ, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಲೋಟಗಳಲ್ಲಿ ಕುಡಿಸಿದರು. ಶೇಕಡ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು. ಆ ಸೂತ್ರದಿಂದ ಅವರು ಹಣ ಮಾಡಲಿಲ್ಲ. ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಇವತ್ತಿಗೂ ನಮ್ಮೂರಿನ ಆಶಾ ಕಾರ್ಯಕರ್ತೆ ಆ ಪೊಟ್ಟಣವನ್ನು ಉಚಿತವಾಗಿಯೇ ಕೊಡುತ್ತಾರೆ. ಮಣ್ಣಿನ ನೆಲದ ಮೇಲೆ, ನಮ್ಮವರೇ ಪರೀಕ್ಷಿಸಿ ತೋರಿಸಿದ ಈ ಔಷಧಿಯನ್ನು ನಾವೇ ಅನುಮಾನಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಭಾವ, 9.05
ನಾನು ಅಂಗಡಿಯಿಂದ ಈಗಷ್ಟೇ ಬಂದೆ. ಕಿತ್ತಳೆ ರುಚಿಯ ಎಲೆಕ್ಟ್ರೋಲೈಟ್ ಪಾನೀಯದ ಎರಡು ಡಬ್ಬಗಳನ್ನೂ ಒಂದು ಪೊಟ್ಟಣ ಪುಡಿಯನ್ನೂ ತಂದಿದ್ದೇನೆ. ಪುಟ್ಟ ಕುಡಿಯುವುದು ಸ್ವಲ್ಪವೇ ಆದ್ದರಿಂದ ಕಾಲು ಪೊಟ್ಟಣವನ್ನು ಒಂದು ಲೋಟದಲ್ಲಿ ಕಲಸಿದರೆ ಸಾಕಲ್ಲವೇ?

ನಾನು, 9.07
ಭಾವ, ದಯವಿಟ್ಟು ಡಬ್ಬದ ಪಾನೀಯವನ್ನು ಕೊಡಬೇಡಿ, ಕಾಲು ಪೊಟ್ಟಣವನ್ನೂ ಕಲಸಬೇಡಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆ, ಓದಿ ಹೇಳಿ.

ಭಾವ, 9.09
1 ಲೀಟರ್ ಎಂದಿದೆ.

ನಾನು, 9.24
ಹಾಗಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರನ್ನು ಅಳೆದು, ಇಡೀ ಪೊಟ್ಟಣವನ್ನು ಒಂದೇ ಸಲ ಸುರಿದು ಕಲಸಿ. ಕುಡಿದು ಉಳಿದದ್ದು ವ್ಯರ್ಥವಾಯಿತೆಂದು ಬೇಸರ ಪಡಬೇಡಿ, 24 ಗಂಟೆಗಳ ನಂತರ ಚೆಲ್ಲಿ ಹೊಸದನ್ನು ಮಾಡಿ. ಪುಡಿಯನ್ನು ಕಣ್ಣಂದಾಜಿನಲ್ಲಿ ಭಾಗ ಮಾಡಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಕಡಿಮೆ ನೀರಿನಲ್ಲಿ ಕಲಸಿದ ಗಟ್ಟಿ ದ್ರಾವಣ ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ಬರುವವರೆಗೂ ಒಯ್ಯಬಲ್ಲದು. ಚಿಕ್ಕ ಪ್ರಮಾಣವೇ ಬೇಕೆಂದರೆ 200 ಮಿಲಿ ನೀರಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳು ಸಿಗುತ್ತವೆ.

ಈ ಎಚ್ಚರ ಏಕೆಂದು ತಿಳಿದರೆ ಯಾರೂ ಅಳತೆ ತಪ್ಪುವುದಿಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಜೊತೆಜೊತೆಯಾಗಿ ಒಳಗೆ ಹೋಗುವ ಬಾಗಿಲೊಂದಿದೆ. ಉಳಿದ ವ್ಯವಸ್ಥೆ ಹದಗೆಟ್ಟ ಭೇದಿಯ ಹೊತ್ತಿನಲ್ಲೂ ಅದು ತೆರೆದೇ ಇರುತ್ತದೆ, ಅವೆರಡೂ ಒಳಹೊಕ್ಕಾಗ ನೀರು ಅವುಗಳ ಬೆನ್ನು ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್ ಇರುವುದು ಈ ಜೋಡಿಯ ಲೆಕ್ಕಕ್ಕಾಗಿಯೇ. ಸಕ್ಕರೆ ಮಿತಿಮೀರಿದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಡಬ್ಬದ ಸಿಹಿ ಪಾನೀಯಗಳ ತೊಂದರೆ ಇದೇ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಇರಬಾರದೆಂದು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಚಿಕ್ಕಪ್ಪ, ವ್ಯಾಪಾರದ ಬಗ್ಗೆ ನೀವು ಹೇಳಿದ ಮಾತು ಈ ಡಬ್ಬಗಳಿಗೆ ಸಲ್ಲುತ್ತದೆ; ಪುಡಿಯ ಪೊಟ್ಟಣಕ್ಕೆ ಸಲ್ಲುವುದಿಲ್ಲ.

ಪ್ರತಿ ಬಾರಿ ಭೇದಿಯಾದ ಮೇಲೆ 50ರಿಂದ 100 ಮಿಲಿ ಕೊಡಿ. ಒಮ್ಮೆಲೇ ಸುರಿಯದೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಆರಂಭಿಸಿ. ಭೇದಿಯನ್ನು ಕಟ್ಟಿಹಾಕುವ ಮಾತ್ರೆಗಳನ್ನು ಮಗುವಿಗೆ ಕೊಡಲೇಬಾರದು.

ದೊಡ್ಡಮ್ಮ, 9.50
ನಾನು ಕಳುಹಿಸಿದ್ದು ತಪ್ಪೆಂದು ನೀನು ಹೇಳಿದ್ದಕ್ಕೆ ಬೇಸರವಿಲ್ಲ, ಆದರೆ ನಮಗೇನೂ ತಿಳಿದಿರಲಿಲ್ಲ ಎಂಬಂತೆ ಮಾತನಾಡಬೇಡ. ಮಗುವಿನ ನೆತ್ತಿ ಕುಳಿ ಬಿದ್ದರೆ ಅದಕ್ಕೆ ಆಪತ್ತು ಬಂದಿದೆ ಎಂದು ನನ್ನ ಅತ್ತೆ ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಅನ್ನ ಬಸಿದ ಗಂಜಿಗೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸುತ್ತಿದ್ದರು. ನನ್ನ ಐದು ಮಕ್ಕಳಲ್ಲಿ ಯಾರಿಗೂ ಎದೆಹಾಲು ನಿಲ್ಲಿಸಿದ ನೆನಪು ನನಗಿಲ್ಲ.

ನಾನು, 10.12
ದೊಡ್ಡಮ್ಮ, ನಿಮ್ಮ ಅತ್ತೆಯವರು ಸರಿಯಾಗಿಯೇ ಕಂಡಿದ್ದರು. ಒಂದೂವರೆ ವರ್ಷದ ಒಳಗಿನ ಮಗುವಿನ ಮುಂದಲೆಯ ಎಲುಬುಗಳು ಇನ್ನೂ ಕೂಡಿರುವುದಿಲ್ಲವಾದ್ದರಿಂದ, ದೇಹದಲ್ಲಿ ನೀರು ಬತ್ತಿದಾಗ ಆ ಮೆತ್ತನೆಯ ಜಾಗ ಒಳಕ್ಕೆ ಕುಸಿಯುತ್ತದೆ. ನಾವು ವಾರ್ಡಿನಲ್ಲಿ ಮಗುವನ್ನು ಕೈಗೆತ್ತಿಕೊಂಡ ಕೂಡಲೇ ಅಲ್ಲಿಯೇ ಬೆರಳಾಡಿಸುತ್ತೇವೆ. ಗುರುತು ನಿಜ, ಎಣ್ಣೆ ಮಾತ್ರ ಅದಕ್ಕೆ ಉತ್ತರವಲ್ಲ; ಮೇಲಿನಿಂದ ಹಾಕಿದ ಎಣ್ಣೆ ದೇಹದಿಂದ ಹೊರಹೋದ ನೀರನ್ನು ತುಂಬಲಾರದು. ಉಪ್ಪು ಹಾಕಿದ ತೆಳು ಗಂಜಿಯೂ ಸರಿಯಾದದ್ದೇ, ಪುಟ್ಟನಿಗೆ ಇವತ್ತೂ ಕೊಡಬಹುದು. ನೀವು ಎದೆಹಾಲನ್ನು ನಿಲ್ಲಿಸಿರಲಿಲ್ಲ ಎಂಬುದೇ ಈ ಸಂದೇಶಕ್ಕೆ ಎಲ್ಲಕ್ಕಿಂತ ದೊಡ್ಡ ಉತ್ತರ.

ನಾನು ಇಷ್ಟು ಬಿರುಸಾಗಿ ಬರೆಯುವುದಕ್ಕೆ ಕಾರಣವಿದೆ. ನನ್ನ ಮಗಳು ಹನ್ನೊಂದು ತಿಂಗಳವಳಿದ್ದಾಗ ಹೀಗೆಯೇ ಆಗಿತ್ತು. ಎರಡು ದಿನ ಹಾಲು ಬೇಡವೆಂದು ನಾವು ತೋರಿಸಿದ ವೈದ್ಯರೇ ಹೇಳಿದ್ದರು. ನಾನು ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದವಳು, ಎದುರಾಡಲಿಲ್ಲ. ಎರಡನೆಯ ರಾತ್ರಿ ಅವಳು ಅಳುವುದನ್ನೂ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಅವಳ ಕೈಗಳಲ್ಲಿ, ಕಾಲುಗಳಲ್ಲಿ ನರ ಸಿಗದೆ ಕೊನೆಗೆ ತಲೆಯ ಪಕ್ಕದಲ್ಲಿ ಸೂಜಿ ಚುಚ್ಚಿದರು. ಬದುಕಿದಳು, ಈಗ ಆರನೆಯ ತರಗತಿಯಲ್ಲಿದ್ದಾಳೆ. ಆದರೆ ‘ಹಾಲು ನಿಲ್ಲಿಸಿ’ ಎಂಬ ಎರಡು ಪದಗಳನ್ನು ಎಲ್ಲಿ ಕಂಡರೂ ನನ್ನ ಕೈ ನಡುಗುತ್ತದೆ.

ಚಿಕ್ಕಪ್ಪ, 10.40
ಈ ವಿಷಯ ನನಗೆ ತಿಳಿದಿರಲಿಲ್ಲ. ಹಾಲಿನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಜೆಯ ವಿಷಯದಲ್ಲಿ ಮಾತ್ರ ಒಪ್ಪಲಾರೆ, ಒಂದು ಸುತ್ತು ತೇಯ್ದದ್ದರಿಂದ ಯಾವ ಮಗುವಿಗೂ ಕೆಡುಕಾದದ್ದನ್ನು ನಾನು ಕಂಡಿಲ್ಲ.

ನಾನು, 10.58
ಒಂದು ಸುತ್ತು ಎಂಬುದು ಯಾರ ಕೈಯ ಸುತ್ತು ಎಂಬುದರ ಮೇಲೆ ಅಳತೆ ಬದಲಾಗುತ್ತದೆ, ಚಿಕ್ಕಪ್ಪ. ಬಜೆ ಹೆಚ್ಚಾದರೆ ಅದರಿಂದಲೇ ವಾಂತಿಯಾಗುತ್ತದೆ, ವಾಂತಿಯಾಗುತ್ತಿರುವ ಮಗುವಿಗೆ ಅದು ಬೇಡ. ತೇಯುವ ಕಲ್ಲು, ತೇಯ್ದ ನೀರು, ತೇಯ್ದವರ ಬೆರಳು ಇವುಗಳಲ್ಲಿ ಯಾವುದು ಕೊಳಕಾಗಿದ್ದರೂ ರೋಗಾಣು ನೇರವಾಗಿ ನಾಲಿಗೆಗೆ ಹೋಗುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ಮಗುವಿನ ಸ್ನಾಯುಗಳನ್ನೇ ಸೋಲಿಸುವ ವಿಷವನ್ನು ಉಂಟುಮಾಡುತ್ತವೆ.

ದೊಡ್ಡಮ್ಮ, 11.15
ಇಷ್ಟೆಲ್ಲ ಮಾತನಾಡಿದಿರಿ, ಮಗು ಹಾಲು ಕುಡಿಯುವ ಬಾಟಲಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಪುಟ್ಟನ ಅಮ್ಮ, ನೀನು ಕೆಲಸಕ್ಕೆ ಹೋದ ಮೇಲೆ ಹಗಲಲ್ಲಿ ಅವನಿಗೆ ಬಾಟಲಿಯಲ್ಲಿಯೇ ಅಲ್ಲವೇ ಕೊಡುವುದು? ಕಳೆದ ತಿಂಗಳು ನಾನು ಬಂದಿದ್ದಾಗ ಆ ರಬ್ಬರಿನ ತೊಟ್ಟಿನ ಒಳಗೆ ಬೆರಳು ಹಾಕಿ ನೋಡಿದ್ದೆ, ಲೋಳೆಯಂತೆ ಇತ್ತು. ಅಳಿಯಂದಿರ ಎದುರು ಹೇಳಲು ಸಂಕೋಚವಾಗಿ ಸುಮ್ಮನಿದ್ದೆ. ನಮ್ಮ ಕಾಲದಲ್ಲಿ ಒಳಲೆಯಲ್ಲಿ ಕುಡಿಸುತ್ತಿದ್ದೆವು, ಅದರಲ್ಲಿ ಮೂಲೆಯಿಲ್ಲ, ಸಂದಿಯಿಲ್ಲ, ಒಮ್ಮೆ ಉಜ್ಜಿದರೆ ಹೊಳೆಯುತ್ತದೆ.

ನಾನು, 11.19
ದೊಡ್ಡಮ್ಮ, ಬೆಳಿಗ್ಗೆ ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಬಾಟಲಿ ಬೇಡ, ಲೋಟ ಅಥವಾ ಒಳಲೆಯೇ ಸರಿ ಎಂದು ನಾವೂ ವಾರ್ಡಿನ ತಾಯಂದಿರಿಗೆ ಹೇಳುತ್ತೇವೆ. ಅಕ್ಕ, ಇವತ್ತಿನಿಂದಲೇ ಬಾಟಲಿಯನ್ನು ತೆಗೆದಿಡು.

ಭಾವ, 11.30
ಸಂಕೋಚ ಪಡಬೇಡಿ ದೊಡ್ಡಮ್ಮ, ಆ ಬಾಟಲಿಯನ್ನು ತೊಳೆಯುತ್ತಿದ್ದವನು ನಾನೇ. ಈಗ ತೊಟ್ಟನ್ನು ಮಗುಚಿ ನೋಡಿದೆ, ನೀವು ಹೇಳಿದಂತೆಯೇ ಇದೆ. ಎಂಥ ಲಕ್ಷಣಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕೆಂದು ಒಮ್ಮೆ ಬರೆದುಬಿಡು.

ನಾನು, 11.38
ಕುಡಿಯಲಾರದಷ್ಟು ಸೋತರೆ, ಎಬ್ಬಿಸಿದರೂ ಮಂಕಾಗಿದ್ದರೆ, ಆರು ಗಂಟೆಗಳ ಕಾಲ ಮೂತ್ರವಿಲ್ಲದಿದ್ದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರು ಬಣ್ಣಕ್ಕೆ ತಿರುಗಿದರೆ ಕೂಡಲೇ ಹೊರಡಿ. ಬಿಟ್ಟು ಬಿಟ್ಟು ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು ಚೀರಿದರೆ ಅದು ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸಿಕ್ಕಿಕೊಂಡ ಗುರುತಿರಬಹುದು, ಅದಕ್ಕೆ ಮನೆಯಲ್ಲಿ ಯಾವ ಉಪಾಯವೂ ಇಲ್ಲ. ಇಂದೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ, 20 ಮಿಲಿಗ್ರಾಂ ಸತುವಿನ (ಜಿಂಕ್) ಮಾತ್ರೆಯನ್ನು ಕೇಳಿ ತನ್ನಿ. ಚಮಚದಲ್ಲಿ ಕರಗಿಸಿ ದಿನಕ್ಕೊಂದರಂತೆ, ಭೇದಿ ನಿಂತ ಮೇಲೂ ಬಿಡದೆ, 14 ದಿನ ಕೊಡಬೇಕು.

ಅಕ್ಕ, ಸಂಜೆ 5.20
ಬೆಳಿಗ್ಗೆಯಿಂದ 600 ಮಿಲಿಯಷ್ಟು ಓಆರ್‌ಎಸ್ ಚಮಚದಲ್ಲಿ ಹೋಗಿದೆ, ಗಂಜಿಯನ್ನೂ ಕುಡಿದ. ಮೂರು ಬಾರಿ ಮೂತ್ರ ಮಾಡಿದ್ದಾನೆ, ಬಣ್ಣ ತಿಳಿಯಾಗಿದೆ. ಭೇದಿ ಇನ್ನೂ ನಿಂತಿಲ್ಲ. ವೈದ್ಯರು ನೋಡಿ, ಹೀಗೆಯೇ ಮುಂದುವರಿಸಿ, ಸೋಮವಾರ ಮತ್ತೆ ತೋರಿಸಿ ಎಂದಿದ್ದಾರೆ. ಸತುವಿನ ಮೊದಲ ಮಾತ್ರೆಯನ್ನು ಕೊಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ದೊಡ್ಡಮ್ಮ, 5.32
ದೇವರು ದೊಡ್ಡವನು. ಅಟ್ಟದ ಪೆಟ್ಟಿಗೆಯಿಂದ ಬೆಳ್ಳಿಯ ಒಳಲೆಯನ್ನು ಇಳಿಸಿಟ್ಟಿದ್ದೇನೆ, ಬುಧವಾರ ಬೆಂಗಳೂರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತೇನೆ, ಕುದಿಯುವ ನೀರಿನಲ್ಲಿ ಹಾಕಿ ತೆಗೆದ ಮೇಲೆಯೇ ಬಳಸು. ಬೆಳಗಿನ ಆ ಸಂದೇಶವನ್ನು ಇಲ್ಲಿಂದ ಅಳಿಸಿದ್ದೇನೆ, ಆದರೆ ಭಜನಾ ಮಂಡಳಿಯಲ್ಲಿ ಇನ್ನೂ ಇಬ್ಬರು ಸೊಸೆಯಂದಿರಿಗೆ ಎಳೆಯ ಮಕ್ಕಳಿವೆ. ಅಲ್ಲಿ ಹಾಕುವುದಕ್ಕೆ ಹಾಲು, ನೀರಿನ ಅಳತೆ ಮತ್ತು ಪುಡಿಯ ವಿಷಯವನ್ನು ಚಿಕ್ಕದಾಗಿ ಬರೆದು ಕೊಡು, ನನ್ನ ಹೆಸರಿನಲ್ಲಿಯೇ ಕಳುಹಿಸುತ್ತೇನೆ.